ನೀರಿಗೆ ಬಂದವರು ಊರಿಗೆ ಬಾರದಿರುತ್ತಾರೆಯೇ?

ಕ್ರೊಯೇಷ್ಯಾದ ಡುಬ್ರೊವ್ನಿಕ್ ಎಂಬ ಕೋಟೆಯೂರಿನಲ್ಲಿ ನನ್ನ ಆಯುಷ್ಯದ ಐದೂಮುಕ್ಕಾಲು ಗಂಟೆ ಕಳೆದಿದೆ. ಇಷ್ಟು ಕರಾರುವಾಕ್ಕಾಗಿ ಹೇಳಲು ನಾನೇನೂ ದಿನಚರಿ ಬರೆಯುವವನಲ್ಲ; ಲೆಕ್ಕ ಇಟ್ಟವರು ಹಡಗಿನವರು. ಹಿಂದಿನ ರಾತ್ರಿ ನಮ್ಮ ಕೋಣೆಯ ಬಾಗಿಲಿಗೆ ಸಿಕ್ಕಿಸಿಹೋಗಿದ್ದ ಹಾಳೆಯಲ್ಲಿ ಬೆಳಗಿನ ತಿಂಡಿ, ಇಳಿಯುವ ಹೊತ್ತು, ಡುಬ್ರೊವ್ನಿಕ್, ಹತ್ತುವ ಹೊತ್ತು, ಸಂಜೆಯ ಚಹಾ ಎಂದು ಕ್ರಮವಾಗಿ ಅಚ್ಚಾಗಿತ್ತು. ಎರಡು ಉಪಾಹಾರಗಳ ನಡುವೆ ಒಂದು ಇಡೀ ಊರನ್ನು ಕೋಸಂಬರಿಯಂತೆ ಬಡಿಸಬಹುದೆಂಬುದು ಆವರೆಗೆ ನನಗೆ ಹೊಳೆದಿರಲಿಲ್ಲ.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂಬ ಗಾದೆಯನ್ನು ಕಟ್ಟಿದವರು ಕ್ರೂಸ್ ಹಡಗನ್ನು ಕಂಡವರಲ್ಲ. ಇಲ್ಲಿ ಎಲ್ಲವೂ ತಿರುಗುಮುರುಗು. ನೀರಿಗೆ ಬಂದವರು ಊರಿಗೆ ಬಾರದಿರುತ್ತಾರೆಯೇ ಎಂದು ಊರು ಬಾಗಿಲು ತೆರೆದು ಕಾಯುತ್ತದೆ. ಬಂದಮೇಲೆ ಯಾಕಾದರೂ ಬಂದರೋ ಎಂದು ಅದೇ ಬಾಗಿಲಲ್ಲಿ ಕ್ಯಾಮೆರಾ ಇಟ್ಟು ತಲೆ ಎಣಿಸುತ್ತದೆ.

ಗ್ರೂಜ್ ಬಂದರಿನಲ್ಲಿ ನಮ್ಮ ಹಡಗು ನಿಂತಾಗ ಅದರ ನೆರಳು ಎದುರಿನ ರಸ್ತೆಯನ್ನು ದಾಟಿ ಮನೆಗಳ ಮೇಲೆ ಬಿದ್ದಿತ್ತು. ಡುಬ್ರೊವ್ನಿಕ್‌ನ ಕೋಟೆಗೋಡೆ ಅತಿ ಎತ್ತರದ ಕಡೆಯಲ್ಲಿ 25 ಮೀಟರ್ ಇದೆಯಂತೆ. ಹಗೆಗಳ ಹಡಗುಗಳಿಗೆ ಹೆದರಿ ನೂರಾರು ವರ್ಷ ಕಲ್ಲಿನ ಮೇಲೆ ಕಲ್ಲಿಟ್ಟು ಎಬ್ಬಿಸಿದ ಆ ಗೋಡೆಯನ್ನು ಕಣ್ತುಂಬ ನೋಡೋಣವೆಂದು ನಾವು ಅದಕ್ಕಿಂತ ಎತ್ತರದ ಹಡಗಿನಲ್ಲಿ ಕುಳಿತು ಬಂದಿದ್ದೆವು. ಇಳಿದವರ ಎದೆಗೆ ಸ್ಟಿಕ್ಕರ್ ಅಂಟಿಸಿದರು. ನಮ್ಮ ತಂಡ 27. ಬಸ್ಸಿನಲ್ಲಿ ನನ್ನ ಪಕ್ಕ ಕುಳಿತ ಭಾವನವರು ಬೆರಳು ಮಡಿಸಿ, “ಇದು ಹದಿನೇಳನೇ ದೇಶ ಕಣಯ್ಯ” ಎಂದರು. “ಯಾವ ದೇಶ ಭಾವ?” ಎಂದು ಕೇಳಿದೆ. ಅವರು ತುಸು ಯೋಚಿಸಿ ಕೈಯಲ್ಲಿದ್ದ ಹಾಳೆಯನ್ನು ತಿರುಗಿಸಿ ನೋಡಿದರು.

ಅವರನ್ನು ಹಾಸ್ಯ ಮಾಡುವ ಯೋಗ್ಯತೆ ನನಗಿಲ್ಲ. ನನ್ನ ಎದೆಯ ಮೇಲೂ 27 ಇತ್ತು.

ಈ ಊರು ಹಡಗಿನ ಜನರನ್ನು ಮೊದಲಿನಿಂದಲೂ ಹೀಗೆ ಬರಮಾಡಿಕೊಳ್ಳುತ್ತಿರಲಿಲ್ಲ. ಆಗ ಇದರ ಹೆಸರು ರಗೂಸ. 1358ರಿಂದ 1808ರವರೆಗೆ ತನ್ನದೇ ಗಣರಾಜ್ಯವಾಗಿ, ವ್ಯಾಪಾರದಲ್ಲಿ ವೆನಿಸ್ ನಗರಕ್ಕೆ ಸೆಡ್ಡು ಹೊಡೆದು ಬಾಳಿದ ಊರು. ಪ್ಲೇಗಿನ ಕಾಲದಲ್ಲಿ, 1377ರಲ್ಲಿ, ಇಲ್ಲಿನ ಮಹಾಸಭೆ ಒಂದು ಕಟ್ಟಳೆ ಹೊರಡಿಸಿತು: ರೋಗವಿರುವ ಪ್ರದೇಶದಿಂದ ಬಂದವರು ಯಾರೇ ಇರಲಿ, ಒಂದು ತಿಂಗಳು ಎದುರಿನ ಮರ್ಕಾನ್ ನಡುಗಡ್ಡೆಯಲ್ಲೋ ಹತ್ತಿರದ ಸಾವ್ಟಾಟ್ ಪಟ್ಟಣದಲ್ಲೋ ಕಳೆಯಬೇಕು, ಆಮೇಲೆ ಒಳಕ್ಕೆ. ಮುಂದೆ ಈ ಬಗೆಯ ಕಾಯುವಿಕೆ ನಲವತ್ತು ದಿನಕ್ಕೆ ಬೆಳೆದು, ನಲವತ್ತು ಎಂಬರ್ಥದ ಇಟಾಲಿಯನ್ ಮಾತಿನಿಂದ ಕ್ವಾರಂಟೈನ್ ಎಂಬ ಪದ ಹುಟ್ಟಿತು. 2020ರಲ್ಲಿ ನಾವೆಲ್ಲ ಮನೆಯೊಳಗೆ ಕುಳಿತು ಕಲಿತ ಪದ ಅದೇ. ಅಂದರೆ ಬಂದವರನ್ನು ಬಾಗಿಲ ಹೊರಗೆ ನಿಲ್ಲಿಸುವ ವಿದ್ಯೆಯನ್ನು ಜಗತ್ತಿಗೆ ಶಾಸ್ತ್ರೋಕ್ತವಾಗಿ ಕಲಿಸಿಕೊಟ್ಟ ಊರಿದು. ಅಂಥ ಗುರುವೇ ಇಂದು ಬೆಳಗ್ಗೆ ಒಂಬತ್ತಕ್ಕೆ ಪಿಲೆ ಬಾಗಿಲಿನಲ್ಲಿ ನಿಂತು, 27ನೆಯ ತಂಡದವರು ಎಡಕ್ಕೆ, 31ನೆಯವರು ಬಲಕ್ಕೆ ಎಂದು ದಾರಿ ತೋರಿಸುತ್ತಿದ್ದಾನೆ. ಸಮುದ್ರದಾಚೆಯಿಂದ ಬಂದವರನ್ನು ಮುಂದೆ ದಿಗ್ಬಂಧನದಲ್ಲಿಡಲು ಕಟ್ಟಿದ ಲಾಜರೆಟಿ ಎಂಬ ಕಲ್ಲುಕಟ್ಟಡಗಳ ಸಾಲು ಊರಿನ ಇನ್ನೊಂದು ಬಾಗಿಲ ಹೊರಗೆ ಈಗಲೂ ಇದೆ. ಅಲ್ಲಿ ಈಗ ಕಾರ್ಯಕ್ರಮಗಳು ನಡೆಯುತ್ತವೆ, ಅಂಗಡಿಗಳಿವೆ.

ಬಾಗಿಲು ದಾಟಿದರೆ ಸ್ಟ್ರಾಡುನ್ ಎಂಬ ರಾಜಬೀದಿ. ಮುನ್ನೂರು ಮೀಟರ್ ಉದ್ದ. ಸುಣ್ಣಕಲ್ಲಿನ ಹಾಸು ಕಾಲುಗಳ ಸವೆತಕ್ಕೆ ನುಣುಪಾಗಿ, ಮಳೆ ಬಾರದಿದ್ದರೂ ಒದ್ದೆಯಾದಂತೆ ಹೊಳೆಯುತ್ತದೆ. 1667ರ ಭೂಕಂಪ ಊರನ್ನು ನೆಲಸಮ ಮಾಡಿದ ಮೇಲೆ ಎರಡೂ ಕಡೆಯ ಮನೆಗಳನ್ನು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕಟ್ಟಿದರಂತೆ. ಇದನ್ನೆಲ್ಲ ಆಮೇಲೆ ಓದಿ ತಿಳಿದುಕೊಂಡೆ, ಏಕೆಂದರೆ ಆ ಬೆಳಗ್ಗೆ ನನಗೆ ಕಂಡ ಸ್ಟ್ರಾಡುನ್ ಎಂದರೆ ಮುಂದಿನವರ ಬೆನ್ನಚೀಲಗಳು ಮತ್ತು ಅವುಗಳ ಮೇಲೆ ತೇಲುತ್ತಿದ್ದ ಅಂಕಿಗಳ ಕೋಲುಗಳು. ತೇರಿನ ದಿನ ಹಗ್ಗ ಹಿಡಿಯದಿದ್ದರೂ ಜನವೇ ನಮ್ಮನ್ನು ತಳ್ಳಿಕೊಂಡು ಹೋಗುತ್ತದಲ್ಲ, ಹಾಗೆ ಸಾಗಿದೆವು. ತೇರು ಮಾತ್ರ ಇರಲಿಲ್ಲ.

ನೂಕುನುಗ್ಗಲು ಊರಿನವರಿಗೆ ಗೊತ್ತಿಲ್ಲದ್ದೇನೂ ಅಲ್ಲ. 1979ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಈ ಹಳೆಯ ಪಟ್ಟಣದೊಳಗೆ ಒಂದು ಹೊತ್ತಿಗೆ ಎಂಟು ಸಾವಿರಕ್ಕಿಂತ ಹೆಚ್ಚು ಜನ ಇರಕೂಡದೆಂದು ಯುನೆಸ್ಕೊ ಕಡೆಯ ತಜ್ಞರು ಹೇಳಿದರು. 2017ರಲ್ಲಿ ಮೇಯರ್ ಆದ ಮಾಟೊ ಫ್ರಾಂಕೊವಿಚ್ ಅದರರ್ಧವೇ ಸಾಕು ಎಂದರು. 2019ರಲ್ಲಿ ಹಡಗು ಕಂಪನಿಗಳ ಒಕ್ಕೂಟದೊಂದಿಗೆ ಒಪ್ಪಂದವೂ ಆಯಿತು: ಒಂದೇ ಹೊತ್ತಿಗೆ ಎರಡು ಹಡಗು, ಅದಕ್ಕಿಂತ ಹೆಚ್ಚು ಬೇಡ. ಇದು ಒಳ್ಳೆಯ ಕೆಲಸವೆಂದು ಮುಕ್ತ ಮನಸ್ಸಿನಿಂದ ಒಪ್ಪುತ್ತೇನೆ. ಮೊದಲಿನ ಅಧ್ವಾನಕ್ಕೆ ಹೋಲಿಸಿದರೆ ಈಗ ಎಷ್ಟೋ ವಾಸಿ ಎಂದು ಅಲ್ಲಿಯವರೇ ಹೇಳುತ್ತಾರೆ. ಆದರೆ ಮದುವೆಮನೆಯಲ್ಲಿ ಒಬ್ಬರಿಗೆ ಎರಡೇ ಒಬ್ಬಟ್ಟು ಎಂದು ಕಟ್ಟುಮಾಡಿದರೆ ಒಬ್ಬಟ್ಟಿನ ಅಗಲ ಬೆಳೆಯುತ್ತದೆ. ಈಗಿನ ಹಡಗೊಂದೇ ನಾಲ್ಕು ಸಾವಿರ ಜನರನ್ನು ಹೊತ್ತು ತರಬಲ್ಲದು. ಗೋಡೆಯೊಳಗಿನ ಊರಿನಲ್ಲಿ ಒಂದು ಕಾಲಕ್ಕೆ ಐದು ಸಾವಿರದ ಹತ್ತಿರ ಜನ ವಾಸವಾಗಿದ್ದರು. ಇಂದು ಎರಡು ಸಾವಿರವೂ ಇಲ್ಲ. ಉಳಿದವರು ಮನೆಯನ್ನು ಪ್ರವಾಸಿಗಳಿಗೆ ಬಾಡಿಗೆಗೆ ಕೊಟ್ಟು ಗೋಡೆಯ ಹೊರಗೆ ಹೋಗಿ ನೆಮ್ಮದಿಯಾಗಿದ್ದಾರೆ. ಮುತ್ತಿಗೆ ಹಾಕಿದವರು ಹೊರಗಿರುವುದು, ಊರಿನವರು ಒಳಗಿರುವುದು ಹಳೆಯ ಪದ್ಧತಿಯಾಗಿತ್ತು.

ಪಶ್ಚಿಮದ ಬಂಡೆಯ ಮೇಲೆ ಲೊವ್ರಿಯೆನಾಟ್ಸ್ ಎಂಬ ಕೋಟೆಯಿದೆ. ಅದರ ಬಾಗಿಲ ಮೇಲೆ ಲ್ಯಾಟಿನ್ ಭಾಷೆಯ ಒಂದು ಸಾಲು: ಜಗತ್ತಿನ ಅಷ್ಟೂ ಚಿನ್ನ ಕೊಟ್ಟರೂ ಸ್ವಾತಂತ್ರ್ಯವನ್ನು ಮಾರುವುದು ಸಲ್ಲದು. ಓದಿದರೆ ಮೈ ಜುಮ್ಮೆನ್ನುತ್ತದೆ. ಓದಿ ಮುಗಿಸಿ ಕಣ್ಣು ಕೆಳಗಿಳಿಸಿದರೆ ಟಿಕೆಟ್ ಕೇಳುತ್ತಾರೆ. ಕೋಟೆಗೋಡೆಯ ಸುತ್ತಿಗೂ ಇದಕ್ಕೂ ಸೇರಿಸಿ ಒಂದೇ ಟಿಕೆಟ್. 2023ರಲ್ಲಿ ಅದಕ್ಕೆ 35 ಯೂರೊ ಇತ್ತು. ಅಷ್ಟೂ ಚಿನ್ನ ಬೇಡ, ಇಷ್ಟು ಸಾಕು ಎನ್ನುವುದು ಉದಾರ ಮನಸ್ಸಿನ ಲಕ್ಷಣವೇ ಸರಿ. ಕಲ್ಲಿನಲ್ಲಿ ಕೆತ್ತಿದ ಕಾಲದಲ್ಲೂ ಊರಿನ ಹಿರಿಯರು ಈ ಮಾತನ್ನು ಅಕ್ಷರಶಃ ತೆಗೆದುಕೊಂಡಿರಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಅವರು ಸ್ವಾತಂತ್ರ್ಯವನ್ನು ಮಾರಲಿಲ್ಲ ನಿಜ, ವರ್ಷವರ್ಷವೂ ಕೊಂಡುಕೊಂಡರು: ಆಟೊಮನ್ ಸುಲ್ತಾನನಿಗೆ ವರ್ಷಕ್ಕೆ 12,500 ಚಿನ್ನದ ನಾಣ್ಯ ಕಪ್ಪ ಸಲ್ಲಿಸಿ, ಸ್ವಾಮೀ, ದಯಮಾಡಿ ನಮ್ಮೂರ ಕಡೆ ಬರಬೇಡಿ ಎಂದು ಕೇಳಿಕೊಂಡರು. ಬರಬೇಡಿರೆಂದು ದುಡ್ಡು ಕೊಡುತ್ತಿದ್ದ ಊರು ಬನ್ನಿರೆಂದು ದುಡ್ಡು ತೆಗೆದುಕೊಳ್ಳಲು ಕಲಿತದ್ದನ್ನು ಅರ್ಥಶಾಸ್ತ್ರಜ್ಞರು ಪ್ರಗತಿ ಎನ್ನುತ್ತಾರೆ.

ಗೋಡೆಯ ಮೇಲಿನ ಸುತ್ತು 1,940 ಮೀಟರ್. ದಟ್ಟಣೆ ತಪ್ಪಿಸಲು ಎಲ್ಲರೂ ಒಂದೇ ದಿಕ್ಕಿನಲ್ಲಿ ನಡೆಯಬೇಕು, ಅದೂ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ. ಭಾವನವರು ಮೊದಲ ಮೆಟ್ಟಿಲಲ್ಲೇ ನಿಂತುಬಿಟ್ಟರು. “ಇದು ಅಪ್ರದಕ್ಷಿಣೆ ಆಗುತ್ತಲ್ಲಯ್ಯ” ಎಂದರು. ಹಿಂದೆ ನಿಂತಿದ್ದ ಅರವತ್ತು ಎಪ್ಪತ್ತು ಮಂದಿಗೆ ಆಗಮಶಾಸ್ತ್ರದ ಈ ತೊಡಕನ್ನು ವಿವರಿಸುವ ಭಾಷೆ ನನಗೆ ತಿಳಿದಿರಲಿಲ್ಲವಾಗಿ, ಒಳಗೆ ಇರುವುದು ದೇವಸ್ಥಾನವಲ್ಲ ಎಂದು ಭಾವನವರಿಗೇ ಸಮಾಧಾನ ಹೇಳಿ ಹತ್ತಿಸಿದೆ.

ಮೇಲಿನಿಂದ ಕಾಣುವ ಚೆಲುವನ್ನು ಅಲ್ಲಗಳೆಯುವ ಧೈರ್ಯ ವಿಡಂಬನೆ ಬರೆಯುವವನಿಗೂ ಇಲ್ಲ. ಒಂದು ಕಡೆ ಏಡ್ರಿಯಾಟಿಕ್ ಸಮುದ್ರದ ನೀಲಿ, ಇನ್ನೊಂದು ಕಡೆ ಕೇಸರಿ ಹೆಂಚುಗಳ ಅಲೆ. “ಎಷ್ಟು ಚೆನ್ನಾಗಿ ಬಣ್ಣ ಉಳಿಸಿಕೊಂಡಿದ್ದಾರೆ ನೋಡು, ನಮ್ಮ ಮಂಗಳೂರು ಹೆಂಚು ಎರಡು ಮಳೆಗೆ ಕಪ್ಪಾಗುತ್ತೆ” ಎಂದರು ಭಾವ. ಸುತ್ತಲಿನವರೆಲ್ಲ ಆ ಹೆಂಚುಗಳನ್ನೇ ಬೆನ್ನಿಗಿಟ್ಟುಕೊಂಡು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಸರಿಯಾಗಿ ನೋಡಿದರೆ ಅಲ್ಲಲ್ಲಿ ಮಾಸಲು ಕಂದು ಹೆಂಚಿನ ತುಂಡು ತುಂಡು ಛಾವಣಿಗಳು ಕಾಣುತ್ತವೆ, ಹಳೆಯವು ಅವು. ಹೊಳೆಯುವ ಕೇಸರಿಯದು 1991ರ ಅಕ್ಟೋಬರಿನಲ್ಲಿ ಯುಗೊಸ್ಲಾವ್ ಸೈನ್ಯ ಶುರುಮಾಡಿದ ಮುತ್ತಿಗೆಯ ಶೆಲ್ಲುಗಳು ಬಿದ್ದು, ಅದರಲ್ಲೂ ಡಿಸೆಂಬರ್ 6ರ ಒಂದು ದಿನದ ದಾಳಿಯಲ್ಲಿ ಒಡೆದು ಚೂರಾದ ಛಾವಣಿಗಳಿಗೆ ಆಮೇಲೆ ಹೊದಿಸಿದ ಹೊಸ ಹೆಂಚು. ಹಳೆಯ ಪಟ್ಟಣದ ಮೂರರಲ್ಲಿ ಎರಡು ಕಟ್ಟಡಗಳಿಗೆ ಆಗ ಪೆಟ್ಟು ಬಿದ್ದಿತ್ತು. ಈ ಕುರಿತ ಒಂದು ಫಲಕ ಪಿಲೆ ಬಾಗಿಲ ಬಳಿ ಇದೆ, ಬಾಂಬು ಬಿದ್ದ ಜಾಗಗಳನ್ನೆಲ್ಲ ನಕ್ಷೆಯಲ್ಲಿ ಗುರುತಿಸಿದ್ದಾರೆ. ಅದರ ಮುಂದೆ ನಮ್ಮ ಗೈಡು, ಇನ್ನು ಹದಿನೈದು ನಿಮಿಷ ಬಿಟ್ಟು ಎಲ್ಲರೂ ಇಲ್ಲೇ ಸೇರಬೇಕೆಂದು ಹೇಳಿದ್ದಳು. ಸೇರುವುದಕ್ಕೆ ಅನುಕೂಲವಾದ ಜಾಗ.

ಜನಕ್ಕೆ ಗೊತ್ತಿರುವ ಯುದ್ಧ ಬೇರೆ. ‘ಗೇಮ್ ಆಫ್ ಥ್ರೋನ್ಸ್’ ಎಂಬ ಧಾರಾವಾಹಿಯ ರಾಜಧಾನಿಯನ್ನು ಇಲ್ಲಿ ಚಿತ್ರೀಕರಿಸಿದ ದಿನದಿಂದ, ನಾಲ್ಕೂವರೆ ಶತಮಾನ ತನ್ನ ತಾನು ಆಳಿಕೊಂಡ ಗಣರಾಜ್ಯ ಹಿಂದೆ ಸರಿದು, ಎಂದೂ ಇಲ್ಲದ ರಾಜರಾಣಿಯರು ಊರನ್ನು ಆಳುತ್ತಿದ್ದಾರೆ. ರಗೂಸಕ್ಕೆ ರಾಜನೇ ಇರಲಿಲ್ಲ. ರೆಕ್ಟರ್ ಎಂಬ ಅಧಿಕಾರಿಯನ್ನು ಒಂದೇ ಒಂದು ತಿಂಗಳಿಗೆ ಆರಿಸಿ, ಆ ತಿಂಗಳಿಡೀ ಸರ್ಕಾರಿ ಕೆಲಸವಿಲ್ಲದೆ ಅರಮನೆ ಬಿಟ್ಟು ಹೊರಗೆ ಬರಕೂಡದೆಂದು ವಿಧಿಸುತ್ತಿದ್ದರು. ಸಭಾಂಗಣದ ಬಾಗಿಲ ಮೇಲೆ, ಸ್ವಂತ ವ್ಯವಹಾರ ಮರೆತು ಸಾರ್ವಜನಿಕರದನ್ನು ನೋಡಿಕೊಳ್ಳಿ ಎಂದು ಬರೆಸಿದ್ದರು. ಇದು ಯಾವ ಧಾರಾವಾಹಿಯಲ್ಲೂ ನಂಬಲಾಗದ ಕಥೆ. ಜೆಸ್ವಿಟ್ ಇಗರ್ಜಿಯ ಮೆಟ್ಟಿಲುಗಳ ಬಳಿ ಎರಡು ಸಾಲು ನಿಂತಿದ್ದವು. ಧಾರಾವಾಹಿಯ ರಾಣಿ ಅವಮಾನಿತಳಾಗಿ ಇಳಿದುಬಂದ ಮೆಟ್ಟಿಲು ಅದೆಂದು, ಸಂಸಾರವಂದಿಗರು ಸರದಿ ಪ್ರಕಾರ ಅವಮಾನಿತರಾಗಿ ಇಳಿಯುತ್ತಿದ್ದರು. ಇಗರ್ಜಿಯ ಬಾಗಿಲು ತೆರೆದೇ ಇತ್ತು, ಒಳಗೆ ನೆರಳೂ ಇತ್ತು, ಸಾಲು ಇರಲಿಲ್ಲ.

ಆದರೆ ಆ ದಿನದ ನಿಜವಾದ ಪೂಜೆ ನಾನು ಕಂಡದ್ದು ಸ್ಟ್ರಾಡುನ್‌ನ ಮೊದಲಿಗೆ, ಒನೊಫ್ರಿಯೊ ಕಾರಂಜಿಯ ಎದುರಿಗೆ. ಫ್ರಾನ್ಸಿಸ್ಕನ್ ಮಠದ ಗೋಡೆಯಿಂದ, ನೆಲದ ಹತ್ತಿರದಲ್ಲೇ, ಗೂಬೆಯೋ ಬೆಕ್ಕೋ ತಿಳಿಯದ ಒಂದು ಕಲ್ಲುಮುಖ ಹೊರಚಾಚಿದೆ. ಹಿಂದೆ ಅದು ಮಳೆನೀರಿನ ದೋಣಿಯ ಬಾಯಿ. ಅದರ ನೆತ್ತಿಯ ಮೇಲೆ ಹತ್ತಿ, ಗೋಡೆಗೆ ಎದೆಯಾನಿಸಿ, ಬೀಳದೆ ನಿಂತು ಅಂಗಿ ಕಳಚಿದವನಿಗೆ ಪ್ರೇಮದಲ್ಲಿ ಅದೃಷ್ಟ ಖುಲಾಯಿಸುತ್ತದೆಂದು ನಂಬಿಕೆ. ಕಲ್ಲಿನ ನೆತ್ತಿ ಸವೆದು ಸಾಲಿಗ್ರಾಮದಂತೆ ನುಣ್ಣಗಾಗಿದೆ, ಅಗಲ ಒಂದು ಅಂಗಾಲಿಗೂ ಸಾಲದು. ಕೆಂಪಗೆ ಬೆಂದ ದಪ್ಪ ಮನುಷ್ಯರೊಬ್ಬರು ಹತ್ತುವುದು, ಗೋಡೆಯನ್ನು ಅಪ್ಪಿಕೊಳ್ಳುವುದು, ಒಂದು ತೋಳು ಬಿಡಿಸುವಷ್ಟರಲ್ಲಿ ಜಾರಿ ಹಿಂದಕ್ಕೆ ಬರುವುದು, ಹೀಗೆ ಐದು ಸಲ ನಡೆಯಿತು. ಅವರ ಹೆಂಡತಿ ಐದೂ ಸಲ ವಿಡಿಯೊ ಮಾಡಿದರು. ಪಕ್ಕದಲ್ಲೇ ಮಠದ ಔಷಧಾಲಯವಿದೆ, 1317ರಿಂದ ನಡೆದುಬಂದದ್ದು. ಬಿದ್ದವರಿಗೆ ಮುಲಾಮು ದೂರವಿಲ್ಲವೆಂಬ ಒಂದು ಧೈರ್ಯ.

ಬೀದಿಯ ಇನ್ನೊಂದು ತುದಿಯಲ್ಲಿ ಆರ್ಲಾಂಡೊ ಎಂಬ ವೀರನ ಕಂಬ. ಅವನ ಮುಂಗೈಯ ಉದ್ದವೇ ಈ ಊರಿನ ಬಟ್ಟೆ ವ್ಯಾಪಾರಿಗಳ ಮೊಳವಾಗಿತ್ತು, 51.2 ಸೆಂಟಿಮೀಟರ್, ಅಂಗಡಿಯವನ ಮೇಲೆ ಅನುಮಾನವಿದ್ದವರು ಕಲ್ಲಿಗೇ ಹಿಡಿದು ಅಳೆಯಬಹುದಿತ್ತು. ಹತ್ತಿರದ ಸ್ಪೊಂಜಾ ಅರಮನೆ ಸುಂಕದ ಕಟ್ಟೆಯಾಗಿದ್ದಾಗ ತಕ್ಕಡಿ ತೂಗುತ್ತಿದ್ದ ಕಮಾನಿನ ಮೇಲೆ, ನಮ್ಮ ತೂಕ ಮೋಸ ಮಾಡಗೊಡದು, ನಾನು ಸರಕನ್ನು ತೂಗುವಾಗ ದೇವರು ನನ್ನನ್ನು ತೂಗುತ್ತಾನೆ ಎಂಬ ಅರ್ಥದ ಮಾತಿದೆ. ಅದನ್ನು ಓದಿ ಭಕ್ತಿಯಿಂದ ಹೊರಬಂದು ಎರಡು ಐಸ್‌ಕ್ರೀಮ್ ಕೊಂಡೆವು. ಬೆಲೆ ಕೇಳಿದ ಭಾವನವರು ರೂಪಾಯಿಗೆ ಗುಣಿಸಿ, ಅಲ್ಲೇ ಕಲ್ಲುಕಟ್ಟೆಯ ಮೇಲೆ ಕುಳಿತರು. ದೇವರು ಆ ಹೊತ್ತಿಗೆ ಊಟಕ್ಕೆ ಹೋಗಿದ್ದಿರಬೇಕು. ಆದರೂ ವ್ಯಾಪಾರಿಯನ್ನು ಬೈಯುವುದು ನ್ಯಾಯವಲ್ಲ. ಹಡಗಿನಲ್ಲಿ ಮೂರು ಹೊತ್ತಿನ ಊಟಕ್ಕೆ ಮೊದಲೇ ಹಣ ಕಟ್ಟಿ, ಹೊಟ್ಟೆ ಬಿರಿಯ ತಿಂದು ಇಳಿಯುವ ಮೂರು ಸಾವಿರ ಜನ ಊರಿನಲ್ಲಿ ಕೇಳುವುದು ಒಂದು ಐಸ್‌ಕ್ರೀಮ್, ಒಂದು ಫ್ರಿಜ್ ಅಯಸ್ಕಾಂತ, ಉಚಿತ ಶೌಚಾಲಯ, ಇಷ್ಟನ್ನೇ. ಗುಂಡುಲಿಚ್ ಚೌಕದ ಸಂತೆಯಲ್ಲಿ ಕಿತ್ತಳೆ ಸಿಪ್ಪೆಯನ್ನು ಸಕ್ಕರೆಯಲ್ಲಿ ಬೇಯಿಸಿ ಒಣಗಿಸಿದ ಮಿಠಾಯಿಯನ್ನು ಮಾರುತ್ತಿದ್ದ ಅಜ್ಜಿ ನಮಗೆ ರುಚಿ ನೋಡಲು ಒಂದೊಂದು ತುಂಡು ಕೊಟ್ಟಳು. ತಂಡ 27 ಪೂರ್ತಿ ರುಚಿ ನೋಡಿತು. ಕೊಂಡವರು ಇಬ್ಬರು.

1806ರ ಮೇ ತಿಂಗಳಿನಲ್ಲಿ ನೆಪೋಲಿಯನ್ನನ ಸೈನ್ಯ ಇದೇ ಬಾಗಿಲಿಗೆ ಬಂದು, ನಾವು ಮುಂದಿನ ಊರಾದ ಕೋಟೋರಿಗೆ ಹೊರಟವರು, ಸ್ವಲ್ಪ ದಣಿವಾರಿಸಿಕೊಂಡು ಅನ್ನನೀರು ಮುಗಿಸಿ ಹೊರಟುಬಿಡುತ್ತೇವೆ ಎಂದಿತಂತೆ. ಊರಿನವರು ನಂಬಿ ಬಾಗಿಲು ತೆರೆದರು. ಎರಡು ವರ್ಷದಲ್ಲಿ ಗಣರಾಜ್ಯವೇ ಇಲ್ಲವಾಯಿತು. ನಮ್ಮ ಹಡಗಿನ ಹಾಳೆಯಲ್ಲೂ ಮಾರನೆಯ ದಿನದ ಊರು, ಈಗ ಮಾಂಟೆನೆಗ್ರೊ ದೇಶಕ್ಕೆ ಸೇರಿದ ಕೋಟೋರ್ ಎಂದೇ ಇತ್ತು. ಒಂದು ವ್ಯತ್ಯಾಸವೆಂದರೆ ನಾವು ಹೇಳಿದ ಮಾತಿಗೆ ತಪ್ಪದೆ ನಾಲ್ಕು ಗಂಟೆಗೆ ಹೊರಟೆವು, ಮತ್ತು ಮಾರನೆಯ ಬೆಳಗ್ಗೆ ಒಂಬತ್ತಕ್ಕೆ ನಮ್ಮಂಥವರೇ ಇನ್ನೊಂದು ಹಡಗಿನಿಂದ ಇಳಿದರು.

ಹಡಗಿನ ಏಣಿಯ ಬಳಿ ನಮ್ಮನ್ನು ತಡೆದು ನಿಲ್ಲಿಸಿದರು. ಬಿಳಿ ಕೈಗವಸು ತೊಟ್ಟ ಹುಡುಗನೊಬ್ಬ ಸೀಸೆ ಹಿಡಿದು, ಒಳಗೆ ಹೋಗುವ ಪ್ರತಿಯೊಬ್ಬರ ಅಂಗೈಗೂ ಸ್ಯಾನಿಟೈಸರ್ ಸಿಂಪಡಿಸುತ್ತಿದ್ದ. ಊರಿನ ರೋಗ ಹಡಗಿಗೆ ಹತ್ತಬಾರದಲ್ಲ. ಹಡಗಿನವರನ್ನು ಮೂವತ್ತು ದಿನ ಹೊರಗಿಟ್ಟ ಊರಿನಿಂದ ಬಂದ ನಮಗೆ ಹಡಗಿನವರು ವಿಧಿಸಿದ ಅವಧಿ ಮೂರು ಸೆಕೆಂಡು. ಭಾವನವರು ಅಭ್ಯಾಸಬಲದಿಂದ ಎಡಗೈ ಮೇಲೆ ಬಲಗೈ ಇಟ್ಟು, ಅಂಗೈ ಕುಳಿ ಮಾಡಿ, ತಲೆ ಬಾಗಿಸಿ ಹಿಡಿದರು. ಬಾಯಿಯ ಹತ್ತಿರ ಒಯ್ಯುವಷ್ಟರಲ್ಲಿ ನಾನು ಅವರ ಮಣಿಕಟ್ಟನ್ನು ಹಿಡಿದುಕೊಂಡೆ. ಅವರು ಸಾವರಿಸಿಕೊಂಡು, ಉಳಿದದ್ದನ್ನು ನೆತ್ತಿಗೆ ಸವರಿ, “ಮುಂದಿನದು ಹದಿನೆಂಟನೇದು” ಎನ್ನುತ್ತ ಲಿಫ್ಟಿನ ಕಡೆ ನಡೆದರು.