ಜ್ವರಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ

ಮತ್ತೆ ಮತ್ತೆ ಜ್ವರ ಬರುವ ಮಕ್ಕಳ ವಿಚಾರದಲ್ಲಿ ನನಗೆ ತುಂಬ ಸಂಕಟವಾಗುವ ಸಂಗತಿ ಒಂದಿದೆ. ಪ್ರತಿ ಜ್ವರವನ್ನೂ ಹೊಸ ಜ್ವರ ಅಂತಲೇ ನೋಡುತ್ತಾರೆ. ಈ ಸಲ ಗಂಟಲು, ಹೋದ ಸಲ ವೈರಲ್, ಅದರ ಹಿಂದಿನ ಸಲ ಮೂತ್ರದ ಸೋಂಕು ಇರಬಹುದು ಅಂತ ಅನುಮಾನ. ಒಂದೊಂದು ಸಲಕ್ಕೂ ಒಂದೊಂದು ಚೀಟಿ, ಎಷ್ಟೋ ಸಲ ಡಾಕ್ಟರೂ ಬೇರೆ. ಆ ಚೀಟಿಗಳನ್ನೆಲ್ಲ ತಾರೀಕಿನ ಪ್ರಕಾರ ಜೋಡಿಸಿ ಒಂದರ ಪಕ್ಕ ಒಂದಿಟ್ಟು ನೋಡುವವರು ಯಾರೂ ಇರುವುದಿಲ್ಲ. ಹಾಗೆ ನೋಡಿದರೆ ಮಾತ್ರ ಕಾಣುವ ಕಾಯಿಲೆಗಳ ಒಂದು ಗುಂಪೇ ಇದೆ. ಜೀನ್‌ನಲ್ಲಿರುವ ಬದಲಾವಣೆಯಿಂದ ಬರುವ, ಬಂದು ಹೋಗಿ ಮತ್ತೆ ಬರುವ ಜ್ವರದ ಕಾಯಿಲೆಗಳು. ಅಪರೂಪ, ನಿಜ. ಆದರೆ ಅಪರೂಪ ಅಂತ ಹೇಳಿ ವರ್ಷಗಟ್ಟಲೆ ಯಾರೂ ಆ ಕಡೆ ಯೋಚನೆಯನ್ನೇ ಮಾಡದಿರುವುದನ್ನು ನಾನು ಒಪ್ಪಲಾರೆ.

ನನ್ನ ತಂಗಿಯ ಮಗನಿಗೆ ಇಂಥದ್ದೇ ಒಂದು ಕಾಯಿಲೆ ಇದೆ. ಮೆವಲೊನೇಟ್ ಕೈನೇಸ್ ಅನ್ನುವ ಕಿಣ್ವದ ಕೊರತೆ, ಎಂಕೆಡಿ ಅಂತ ಕರೆಯುತ್ತಾರೆ. ಅವನಿಗೆ ವರ್ಷ ತುಂಬುವ ಮೊದಲೇ ಶುರುವಾಗಿತ್ತು. ಇದ್ದಕ್ಕಿದ್ದ ಹಾಗೆ ಜ್ವರ ಏರುವುದು, ಚಳಿ, ಕತ್ತಿನ ಗಂಟುಗಳು ಊದಿಕೊಳ್ಳುವುದು, ಹೊಟ್ಟೆನೋವು, ವಾಂತಿ, ಭೇದಿ. ಎರಡನೇ ದಿನಕ್ಕೆ ಆಂಟಿಬಯಾಟಿಕ್ ಶುರು, ಐದನೇ ದಿನಕ್ಕೆ ಜ್ವರ ಇಲ್ಲ. ಔಷಧಿ ಕೆಲಸ ಮಾಡಿತು ಅಂತ ಎಲ್ಲರಿಗೂ ಸಮಾಧಾನ. ಆದರೆ ಏನೂ ಕೊಡದಿದ್ದರೂ ಅದು ಅಷ್ಟೇ ದಿನಕ್ಕೆ ಇಳಿಯುತ್ತಿತ್ತು. ಈ ಕಾಯಿಲೆಗಳಲ್ಲಿ ಎಲ್ಲರೂ ದಾರಿ ತಪ್ಪುವುದು ಇಲ್ಲೇ. ತಾನಾಗಿ ಇಳಿಯುವ ಜ್ವರಕ್ಕೆ ಯಾವ ಮದ್ದು ಕೊಟ್ಟರೂ ಆ ಮದ್ದಿಗೇ ಹೆಸರು ಬರುತ್ತದೆ.

ಕೊನೆಗೆ ಒಬ್ಬ ಮಕ್ಕಳ ಡಾಕ್ಟರ್ ಬೇರೆಯೇ ಪ್ರಶ್ನೆ ಕೇಳಿದರು. "ಜ್ವರ ಇಲ್ಲದ ದಿನಗಳಲ್ಲಿ ಇವನು ಹೇಗಿರ್ತಾನಮ್ಮ?" ತಂಗಿ ಹೇಳಿದಳು, ಚೆನ್ನಾಗಿ ಆಡ್ತಾನೆ, ತಿಂತಾನೆ, ಏನೂ ತೊಂದರೆ ಇರಲ್ಲ ಸಾರ್. ಜ್ವರ ಬಂದ ತಾರೀಕುಗಳನ್ನು ಬರೆದಿಟ್ಟಿದ್ದೀರಾ ಅಂತ ಕೇಳಿದರು. ಅವಳ ಫೋನಿನಲ್ಲಿತ್ತು. ಪಕ್ಕದಲ್ಲಿ ಲಸಿಕೆ ಕಾರ್ಡ್ ಇಟ್ಟು ನೋಡಿದಾಗ, ಲಸಿಕೆ ಹಾಕಿಸಿದ ಬೆನ್ನಿಗೇ ಜೋರು ಜ್ವರ ಬಂದಿದ್ದು ಒಂದು ಸಲ ಅಲ್ಲ, ಪ್ರತಿ ಸಲ ಅಂತ ಕಂಡಿತು. ಎಂಕೆಡಿಯಲ್ಲಿ ಲಸಿಕೆಯಿಂದ ಜ್ವರ ಕೆರಳುವುದು ಗೊತ್ತಿರುವ ಸಂಗತಿ. ಹಾಗಂತ ಇದನ್ನು ಓದಿ ಯಾರೂ ಲಸಿಕೆ ನಿಲ್ಲಿಸಬೇಡಿ. ಲಸಿಕೆ ಹಾಕಿದ ದಿನ ಸ್ವಲ್ಪ ಜ್ವರ ಬರುವುದು ಎಲ್ಲ ಮಕ್ಕಳಲ್ಲೂ ಸಾಮಾನ್ಯ. ಈ ಮಕ್ಕಳಿಗೂ ಲಸಿಕೆ ಬೇಕು, ಯಾವುದು ಯಾವಾಗ ಅಂತ ಡಾಕ್ಟರ್ ಜೊತೆ ಕೂತು ತೀರ್ಮಾನಿಸಬೇಕು.

ಒಳಗೆ ಏನಾಗುತ್ತದೆ ಅನ್ನುವುದನ್ನು ನನಗೆ ಅರ್ಥವಾದ ಮಟ್ಟಿಗೆ ಹೇಳುತ್ತೇನೆ. ರೋಗಾಣು ಬಂದಾಗ ಗುರುತು ಹಿಡಿಯುವ ವ್ಯವಸ್ಥೆ ನಮ್ಮ ಬಿಳಿ ರಕ್ತಕಣಗಳಲ್ಲೇ ಇದೆ. ಅದು ಕೆರಳಿದಾಗ ಇಂಟರ್‌ಲ್ಯೂಕಿನ್-1 ಅನ್ನುವ ಪದಾರ್ಥ ಹೊರಗೆ ಬರುತ್ತದೆ. ಅದರಿಂದ ಮೈ ಬಿಸಿಯಾಗುತ್ತದೆ, ಕೀಲು ನೋಯುತ್ತದೆ, ಲಿವರ್‌ನಿಂದ ಸಿಆರ್‌ಪಿ, ಸೀರಮ್ ಅಮೈಲಾಯ್ಡ್ ಎ ಅನ್ನುವ ಪ್ರೋಟೀನುಗಳು ಜಾಸ್ತಿ ಬರುತ್ತವೆ. ಸೋಂಕು ಇದ್ದಾಗ ಇದೆಲ್ಲ ಬೇಕೇ ಬೇಕು. ಈ ಕಾಯಿಲೆಗಳಲ್ಲಿ ಜೀನ್ ಬದಲಾವಣೆಯಿಂದಾಗಿ ರೋಗಾಣು ಇಲ್ಲದಿದ್ದರೂ, ಅಥವಾ ಬಹಳ ಸಣ್ಣ ಕಾರಣಕ್ಕೆ, ಅದೇ ವ್ಯವಸ್ಥೆ ಪೂರ್ತಿ ಜೋರಾಗಿ ಕೆರಳುತ್ತದೆ. ಆದ್ದರಿಂದಲೇ ಕಲ್ಚರ್, ಅಂದರೆ ರೋಗಾಣು ಬೆಳೆಸಿ ನೋಡುವ ಪರೀಕ್ಷೆ, ಮಾಡಿಸಿದರೆ ಏನೂ ಬೆಳೆಯುವುದಿಲ್ಲ, ಸಿಆರ್‌ಪಿ ಮಾತ್ರ ಆಕಾಶದಲ್ಲಿರುತ್ತದೆ.

ಇವುಗಳಲ್ಲಿ ಯಾವುದು ಅಂತ ಊಹಿಸಲು ದಿನಗಳ ಲೆಕ್ಕ ಎಷ್ಟು ಸಹಾಯ ಮಾಡುತ್ತದೆ ಅಂತ ಗೊತ್ತಾದಾಗ ನನಗೆ ನಿಜವಾಗಿ ಆಶ್ಚರ್ಯವಾಯಿತು. ಫ್ಯಾಮಿಲಿಯಲ್ ಮೆಡಿಟರೇನಿಯನ್ ಫೀವರ್, ಅಂದರೆ ಎಫ್ಎಂಎಫ್, ಸಾಮಾನ್ಯವಾಗಿ ಅರ್ಧ ದಿನದಿಂದ 3 ದಿನದೊಳಗೆ ಮುಗಿಯುತ್ತದೆ, ಜೊತೆಗೆ ತಡೆಯಲಾರದ ಹೊಟ್ಟೆನೋವು ಅಥವಾ ಉಸಿರೆಳೆದರೆ ಚುಚ್ಚುವ ಎದೆನೋವು. ಎಂಕೆಡಿ 3ರಿಂದ 7 ದಿನ. ಟ್ರ್ಯಾಪ್ಸ್ ಅನ್ನುವುದು ಒಂದು ವಾರ ದಾಟುತ್ತದೆ, ಕೆಲವರಿಗೆ ಎರಡು ಮೂರು ವಾರ. ಮಾಂಸಖಂಡದ ನೋವು ತೋಳಿನಲ್ಲೋ ತೊಡೆಯಲ್ಲೋ ಜಾಗ ಬದಲಿಸುತ್ತಾ ಕೆಳಗೆ ಸರಿಯುತ್ತದೆ, ಕಣ್ಣಿನ ಸುತ್ತ ಊತ ಬರುತ್ತದೆ. ಕ್ಯಾಪ್ಸ್ ಅನ್ನುವ ಕಾಯಿಲೆಗಳ ಗುಂಪಿನ ಹಗುರ ರೂಪದಲ್ಲಿ ತಣ್ಣನೆ ಗಾಳಿಗೆ ಮೈಯೊಡ್ಡಿದ ಕೆಲವು ಗಂಟೆಗಳಲ್ಲಿ ಮೈಮೇಲೆ ದದ್ದು, ಜ್ವರ, ಕೆಂಪು ಕಣ್ಣು ಬಂದು ಸಾಮಾನ್ಯವಾಗಿ ಒಂದು ದಿನದಲ್ಲಿ ಹೋಗುತ್ತದೆ. ಅದೇ ಗುಂಪಿನ ತೀವ್ರ ರೂಪದಲ್ಲಿ ಹುಟ್ಟಿದ ಕೂಸಿಗೇ ದದ್ದು ಇರುತ್ತದೆ, ಮೆದುಳಿನ ಪೊರೆಯಲ್ಲಿ ಉರಿಯೂತ ಇರುತ್ತದೆ, ಕಿವಿ ಕಣ್ಣು ಕೀಲು ಎಲ್ಲವೂ ಹಾಳಾಗಬಹುದು. ಎರಡಕ್ಕೂ ಕಾರಣ ಒಂದೇ ಜೀನ್, ಎನ್‌ಎಲ್‌ಆರ್‌ಪಿ3. ಅದು ಪತ್ತೆಯಾಗಿದ್ದು 2001ರಲ್ಲಿ.

ಇನ್ನೊಂದನ್ನು ಇಲ್ಲೇ ಹೇಳಬೇಕು, ಯಾಕೆಂದರೆ ಇದನ್ನು ಓದಿ ಗಾಬರಿಯಾಗುವ ಅಪ್ಪ ಅಮ್ಮಂದಿರಲ್ಲಿ ಹೆಚ್ಚಿನವರ ಮಕ್ಕಳಿಗೆ ಈ ಯಾವುದೂ ಇರುವುದಿಲ್ಲ. ಶಾಲೆಗೆ ಹೋಗಲು ಶುರು ಮಾಡಿದ ಮಗುವಿಗೆ ವರ್ಷಕ್ಕೆ ಹಲವು ಸಲ ವೈರಲ್ ಜ್ವರ ಬರುವುದು ಮಾಮೂಲು. ಆ ಜ್ವರಗಳು ಒಂದರಂತೆ ಒಂದು ಇರುವುದಿಲ್ಲ, ಮೂಗು ಸೋರುತ್ತದೆ, ಕೆಮ್ಮು ಇರುತ್ತದೆ, ಮನೆಯವರಿಗೂ ಹತ್ತುತ್ತದೆ. ತಾರೀಕು ಹಿಡಿದು ಬರುವ ಜ್ವರಗಳಲ್ಲೂ ಎಲ್ಲಕ್ಕಿಂತ ಜಾಸ್ತಿ ಕಾಣುವುದು ಪಿಎಫ್‌ಎಪಿಎ. 1987ರಲ್ಲಿ ಮೊದಲು ವರದಿಯಾದ ಇದು ಒಂದು ಜೀನ್‌ನಿಂದ ಬರುವ ಕಾಯಿಲೆ ಅಲ್ಲ. ಮೂರರಿಂದ ಆರು ವಾರಕ್ಕೊಮ್ಮೆ ಗಡಿಯಾರ ನೋಡಿದ ಹಾಗೆ ಜ್ವರ, ಬಾಯಲ್ಲಿ ಹುಣ್ಣು, ಗಂಟಲು ನೋವು, ಕತ್ತಿನಲ್ಲಿ ಗಂಟು. ಮಗು ಚೆನ್ನಾಗಿಯೇ ಬೆಳೆಯುತ್ತದೆ, ಬಹುತೇಕ ಮಕ್ಕಳಲ್ಲಿ ದೊಡ್ಡವರಾಗುತ್ತಾ ನಿಂತುಹೋಗುತ್ತದೆ. ಹಾಗೆಯೇ ಸುಮಾರು 21 ದಿನಕ್ಕೊಮ್ಮೆ ಬಿಳಿ ರಕ್ತಕಣ ಇಳಿಯುವ ಸೈಕ್ಲಿಕ್ ನ್ಯೂಟ್ರೊಪೀನಿಯಾ ಅಂತ ಒಂದಿದೆ. ಅದರಲ್ಲಿ ನಿಜವಾದ ಸೋಂಕಿನ ಅಪಾಯ ಇದೆ, ಚಿಕಿತ್ಸೆಯೂ ಬೇರೆ. ಅದನ್ನು ಹಿಡಿಯಲು ಒಂದು ಸಲ ರಕ್ತ ಪರೀಕ್ಷೆ ಮಾಡಿದರೆ ಸಾಲದು, ಕೆಲವು ವಾರ ಮತ್ತೆ ಮತ್ತೆ ಮಾಡಬೇಕು.

ಎಫ್ಎಂಎಫ್ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ತಡವಾದರೆ ಏನಾಗುತ್ತದೆ ಅನ್ನುವುದು ಅಲ್ಲಿ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುತ್ತದೆ. ಟರ್ಕಿ, ಅರ್ಮೇನಿಯಾ, ಅರಬ್ ದೇಶಗಳ ಜನರಲ್ಲಿ, ಯಹೂದಿಗಳಲ್ಲಿ ಇದು ಹೆಚ್ಚು. ಆದರೆ ಜಪಾನ್‌ನಲ್ಲೂ ಇದೆ, ಬೇರೆ ಕಡೆಯೂ ಇದೆ. ರೋಗಿ ಮೆಡಿಟರೇನಿಯನ್ ಸಮುದ್ರದ ಸುತ್ತಮುತ್ತಲಿನವರಲ್ಲ ಅಂತ ಪಟ್ಟಿಯಿಂದ ತೆಗೆದುಹಾಕುವುದು ತಪ್ಪು. ಹೊಟ್ಟೆನೋವು ಎಷ್ಟು ಜೋರಾಗಿರುತ್ತದೆ ಅಂದರೆ ಅಪೆಂಡಿಕ್ಸ್ ಅಂತ ತಿಳಿದು ಹೊಟ್ಟೆ ಕೊಯ್ದ ಉದಾಹರಣೆಗಳು ಬೇಕಾದಷ್ಟಿವೆ. ಒಳಗೆ ನೋಡಿದರೆ ಅಪೆಂಡಿಕ್ಸ್ ಸರಿಯಾಗಿಯೇ ಇರುತ್ತದೆ. 1945ರಲ್ಲಿ ನ್ಯೂಯಾರ್ಕಿನ ಡಾಕ್ಟರ್ ಸೀಗಲ್ ಈ ಕಾಯಿಲೆಯನ್ನು ವಿವರಿಸಿದಾಗ ಅದನ್ನು ಅಪಾಯವಿಲ್ಲದ್ದು ಅಂತಲೇ ಕರೆದಿದ್ದರು. ಆದರೆ ಅಪಾಯ ಇತ್ತು. ಉರಿಯೂತ ವರ್ಷಗಟ್ಟಲೆ ನಡೆದರೆ ಆ ಸೀರಮ್ ಅಮೈಲಾಯ್ಡ್ ಎ ಪ್ರೋಟೀನಿನ ತುಣುಕುಗಳು ಕಿಡ್ನಿಯಲ್ಲಿ ಕೂರುತ್ತವೆ, ಮೂತ್ರದಲ್ಲಿ ಪ್ರೋಟೀನ್ ಸೋರಲು ಶುರುವಾಗುತ್ತದೆ, ಕೊನೆಗೆ ಕಿಡ್ನಿಯೇ ನಿಲ್ಲುತ್ತದೆ. ಟ್ರ್ಯಾಪ್ಸ್, ಕ್ಯಾಪ್ಸ್‌ನಲ್ಲೂ ಈ ಅಪಾಯ ಇದೆ.

ಇದನ್ನು ತಡೆಯುವ ಮಾತ್ರೆ 1972ರಿಂದ ನಮ್ಮ ಕೈಯಲ್ಲಿದೆ. ಕಾಲ್ಚಿಸಿನ್. ಗೌಟ್ ರೋಗಕ್ಕೆ ಕೊಡುತ್ತಿದ್ದ ಹಳೇ ಗಿಡಮೂಲದ ಔಷಧಿ. ದಿನಾ ತಪ್ಪದೆ ತೆಗೆದುಕೊಂಡರೆ ಎಫ್ಎಂಎಫ್ ಇರುವ ಬಹುಪಾಲು ಜನರಲ್ಲಿ ಜ್ವರ ನಿಲ್ಲುತ್ತದೆ ಅಥವಾ ತುಂಬಾ ಕಡಿಮೆಯಾಗುತ್ತದೆ, ಕಿಡ್ನಿಯೂ ಉಳಿಯುತ್ತದೆ. ಜ್ವರ ಇಲ್ಲವಲ್ಲ ಅಂತ ಬಿಟ್ಟರೆ ಮತ್ತೆ ಶುರು. ಒಂದು ಎಚ್ಚರಿಕೆ ಮಾತ್ರ ದಯವಿಟ್ಟು ನೆನಪಿಡಿ: ಕಾಲ್ಚಿಸಿನ್ ತೆಗೆದುಕೊಳ್ಳುವವರಿಗೆ ಕ್ಲಾರಿತ್ರೊಮೈಸಿನ್ ಅನ್ನುವ ಆಂಟಿಬಯಾಟಿಕ್ ಕೊಟ್ಟರೆ ಕಾಲ್ಚಿಸಿನ್ ದೇಹದಲ್ಲಿ ವಿಷದ ಮಟ್ಟಕ್ಕೆ ಏರಬಹುದು, ಜೀವಕ್ಕೇ ಅಪಾಯ. ಕೆಮ್ಮು ನೆಗಡಿಗೆ ಬೇರೆ ಡಾಕ್ಟರ ಹತ್ತಿರ ಹೋದಾಗಲೂ ಈ ಮಾತ್ರೆಯ ವಿಷಯ ಹೇಳಲೇಬೇಕು.

ಜೀನ್ ಪರೀಕ್ಷೆ ಮಾಡಿಸಿದರೆ ಎಲ್ಲ ಗೊತ್ತಾಗುತ್ತದಲ್ವಾ ಅಂತ ಬಹಳ ಜನ ಕೇಳುತ್ತಾರೆ. ಯಾವಾಗಲೂ ಗೊತ್ತಾಗುವುದಿಲ್ಲ. ಎಫ್ಎಂಎಫ್‌ನ ಎಂಇಎಫ್‌ವಿ ಜೀನ್ 1997ರಲ್ಲಿ, ಟ್ರ್ಯಾಪ್ಸ್ ಮತ್ತು ಎಂಕೆಡಿಯ ಜೀನ್‌ಗಳು 1999ರಲ್ಲಿ ಸಿಕ್ಕವು, ಅದರಿಂದ ದೊಡ್ಡ ಉಪಕಾರವಾಗಿದೆ, ಸಂಶಯವೇ ಇಲ್ಲ. ಆದರೆ ರಿಪೋರ್ಟ್ ಓದುವುದು ಸುಲಭದ ಕೆಲಸ ಅಲ್ಲ. ಎಂಇಎಫ್‌ವಿಯಲ್ಲಿ ಇ148ಕ್ಯೂ ಅನ್ನುವ ಬದಲಾವಣೆ ಏಷ್ಯಾದ ಆರೋಗ್ಯವಂತ ಜನರಲ್ಲೂ ಸಾಕಷ್ಟು ಸಿಗುತ್ತದೆ. ಅದನ್ನು ನೋಡಿದ ತಕ್ಷಣ ಕಾಯಿಲೆ ಇದೆ ಅಂತ ಹಣೆಪಟ್ಟಿ ಹಚ್ಚಿ ಜೀವನಪೂರ್ತಿ ಮಾತ್ರೆ ಬರೆದರೆ ಅನ್ಯಾಯ. ಇನ್ನೊಂದು ಕಡೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬರುವ ಜೀನ್‌ನ ಎರಡು ಪ್ರತಿಯಲ್ಲೂ ಬದಲಾವಣೆ ಇರಬೇಕಾದ ಕಾಯಿಲೆಯಲ್ಲಿ ಒಂದೇ ಸಿಕ್ಕಿ, ಲಕ್ಷಣಗಳೆಲ್ಲ ಸರಿಯಾಗಿ ಹೊಂದುವವರೂ ಇದ್ದಾರೆ. ಕ್ಯಾಪ್ಸ್‌ನಲ್ಲಿ ಕೆಲವರಿಗೆ ದೇಹದ ಒಂದಷ್ಟು ಜೀವಕೋಶಗಳಲ್ಲಿ ಮಾತ್ರ ಬದಲಾವಣೆ ಇರುತ್ತದೆ, ಮಾಮೂಲಿ ಪರೀಕ್ಷೆಗೆ ಅದು ಸಿಗದೇ ಹೋಗಬಹುದು. ಹಾಗಾಗಿಯೇ ಈ ಕಾಯಿಲೆಗಳನ್ನು ವರ್ಗೀಕರಿಸಲು 2019ರಲ್ಲಿ ತಜ್ಞರು ಒಪ್ಪಿದ ಯೂರೋಫೀವರ್ ಮಾನದಂಡಗಳಲ್ಲಿ ಜೀನ್ ಫಲಿತಾಂಶವನ್ನೂ ಲಕ್ಷಣಗಳನ್ನೂ ಜೊತೆಗಿಟ್ಟು ನೋಡಿದ್ದಾರೆ. ರಿಪೋರ್ಟ್ ನೆಗೆಟಿವ್ ಬಂತು, ಇನ್ನು ಬರಬೇಡಿ ಅನ್ನುವುದು ವೈದ್ಯಕೀಯ ಅಲ್ಲ.

ನನ್ನ ಪ್ರಕಾರ ಜೀನ್ ಪರೀಕ್ಷೆಗಿಂತ ಮೊದಲು ಆಗಬೇಕಾದ, ಬಹಳ ಸುಲಭದ ಕೆಲಸ ಒಂದಿದೆ. ಜ್ವರ ಇದ್ದಾಗ ಒಂದು ಸಲ, ಪೂರ್ತಿ ಬಿಟ್ಟು ಕೆಲವು ವಾರ ಆದ ಮೇಲೆ ಒಂದು ಸಲ ಸಿಆರ್‌ಪಿ ನೋಡುವುದು, ಜೊತೆಗೆ ಒಂದು ಮೂತ್ರ ಪರೀಕ್ಷೆ. ದೊಡ್ಡ ಡಾಕ್ಟರ ಅಪಾಯಿಂಟ್‌ಮೆಂಟ್ ಸಿಗುವ ಹೊತ್ತಿಗೆ ಜ್ವರ ಹೋಗಿರುತ್ತದೆ, ಮಗು ಅಲ್ಲೇ ಓಡಾಡಿಕೊಂಡಿರುತ್ತದೆ, ರಕ್ತ ತೆಗೆದರೆ ಎಲ್ಲ ನಾರ್ಮಲ್. ಆಮೇಲೆ ಅಮ್ಮನನ್ನು ನೋಡುವ ನೋಟವೇ ಬೇರೆ! ನಮ್ಮ ಹುಡುಗನ ವಿಷಯದಲ್ಲಿ ಆಗಿದ್ದೂ ಅದೇ. ನೆಂಟರಲ್ಲೇ ಕೆಲವರು ಶಾಲೆ ತಪ್ಪಿಸಲು ನಾಟಕ ಅಂದರು, ತಾಯಿಗೇ ಭ್ರಮೆ ಅಂದರು. ಡಾಕ್ಟರುಗಳು ಮೊದಲೇ ಒಂದು ಚೀಟಿ ಬರೆದುಕೊಡಬಹುದು, ಮುಂದಿನ ಸಲ ಜ್ವರ ಬಂದ ದಿನವೇ ಹತ್ತಿರದ ಲ್ಯಾಬ್‌ನಲ್ಲಿ ರಕ್ತ ಕೊಟ್ಟು ಬನ್ನಿ ಅಂತ. ಎಂಕೆಡಿಯ ಅನುಮಾನ ಇದ್ದರೆ ಮೂತ್ರದಲ್ಲಿ ಮೆವಲೋನಿಕ್ ಆಸಿಡ್ ನೋಡಬೇಕಾದ್ದೂ ಜ್ವರ ಇರುವಾಗಲೇ. ಅಪ್ಪ ಅಮ್ಮ ಮಾಡಬಹುದಾದದ್ದು, ಪ್ರತಿ ಜ್ವರದ ಶುರು ಮತ್ತು ಕೊನೆಯ ತಾರೀಕು, ಎಷ್ಟು ಡಿಗ್ರಿ, ಎಲ್ಲಿ ನೋವು, ಏನು ಕೊಟ್ಟಿರಿ ಅಂತ ಬರೆದಿಡುವುದು. ದದ್ದು, ಊತ ಇದ್ದರೆ ಆಗಲೇ ಫೋಟೋ ತೆಗೆಯುವುದು. ಎರಡು ದಿನ ಬಿಟ್ಟರೆ ತೋರಿಸಲು ಏನೂ ಉಳಿದಿರುವುದಿಲ್ಲ.

ಚಿಕಿತ್ಸೆ ವಿಷಯಕ್ಕೆ ಬಂದರೆ, ಕಾಲ್ಚಿಸಿನ್ ಎಫ್ಎಂಎಫ್‌ಗೆ ಎಷ್ಟು ಒಳ್ಳೆಯದೋ ಉಳಿದವುಗಳಿಗೆ ಅಷ್ಟು ಉಪಯೋಗವಿಲ್ಲ. ಅಲ್ಲಿ ಬೇಕಾಗುವುದು ಇಂಟರ್‌ಲ್ಯೂಕಿನ್-1 ತಡೆಯುವ ಇಂಜೆಕ್ಷನ್‌ಗಳು. ಅನಾಕಿನ್ರಾ ದಿನಾ ಚುಚ್ಚಬೇಕು. ಕ್ಯಾನಕಿನುಮಾಬ್ ಕ್ಯಾಪ್ಸ್‌ಗೆ 8 ವಾರಕ್ಕೊಮ್ಮೆ, ಎಫ್ಎಂಎಫ್, ಎಂಕೆಡಿ, ಟ್ರ್ಯಾಪ್ಸ್‌ಗೆ ಸಾಮಾನ್ಯವಾಗಿ 4 ವಾರಕ್ಕೊಮ್ಮೆ. 2006ರಲ್ಲಿ ಕ್ಯಾಪ್ಸ್‌ನ ಅತಿ ತೀವ್ರ ರೂಪದ 18 ರೋಗಿಗಳಿಗೆ ಅನಾಕಿನ್ರಾ ಕೊಟ್ಟ ಅಧ್ಯಯನ ಪ್ರಕಟವಾಯಿತು. ಹುಟ್ಟಿದಾಗಿನಿಂದ ದದ್ದು ಬಿಡದ ಮಕ್ಕಳಲ್ಲಿ ಕೆಲವೇ ದಿನಗಳಲ್ಲಿ ದದ್ದು ಮಾಯವಾಗಿತ್ತು. ಆದರೆ ಆಗಲೇ ಹೋದ ಕಿವಿ, ಆಗಲೇ ವಿಕಾರವಾದ ಮೂಳೆ ಪೂರ್ತಿ ವಾಪಸ್ ಬರುವುದಿಲ್ಲ. ಬೇಗ ಪತ್ತೆ ಹಚ್ಚಿ ಅಂತ ನಾನು ಇಷ್ಟು ಬಡಿದುಕೊಳ್ಳುವುದು ಇದಕ್ಕೇ.

ಈ ಇಂಜೆಕ್ಷನ್‌ಗಳ ಬೆಲೆ ಹೆಚ್ಚಿನ ಮನೆಗಳಿಗೆ ಎಟುಕುವಂಥದ್ದಲ್ಲ. ವಿಮೆಯೋ ಸರ್ಕಾರವೋ ಹೊರದಿದ್ದರೆ ಕೆಲಸ ಮಾಡುವ ಮದ್ದು ಇದ್ದೂ ಇಲ್ಲದ ಹಾಗೆ. ಆಗ ಸ್ಟೀರಾಯ್ಡ್ ಮೇಲೆ ದಿನ ದೂಡುತ್ತಾರೆ. ಜ್ವರ ಬಂದಾಗ ಕೊಟ್ಟರೆ ಉಪಶಮನ ಸಿಗುತ್ತದೆ, ಆದರೆ ಟ್ರ್ಯಾಪ್ಸ್‌ನಂಥ ಕಾಯಿಲೆಯಲ್ಲಿ ಬರಬರುತ್ತಾ ಡೋಸ್ ಏರಿಸಬೇಕಾಗುತ್ತದೆ, ಮಕ್ಕಳ ಎತ್ತರ, ಮೂಳೆ, ತೂಕ ಎಲ್ಲಕ್ಕೂ ಪೆಟ್ಟು. ರೋಗಿಗಳ ಸಂಖ್ಯೆ ಕಡಿಮೆ ಅನ್ನುವ ಕಾರಣಕ್ಕೆ ಇವರ ಔಷಧಿಯನ್ನು ಪಟ್ಟಿಯ ಕೊನೆಗೆ ತಳ್ಳುವ ಧೋರಣೆಯನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಮುಂದೆ ಅದೇ ಮಗುವಿಗೆ ಡಯಾಲಿಸಿಸ್ ಬೇಕಾದರೆ ಆ ಖರ್ಚನ್ನು ಯಾರು ಹೊರುತ್ತಾರೆ?

ಮನೆಯಲ್ಲಿ ಒಬ್ಬರಿಗೆ ಖಚಿತವಾದರೆ ಉಳಿದವರನ್ನೂ ವಿಚಾರಿಸಿ. ಟ್ರ್ಯಾಪ್ಸ್, ಕ್ಯಾಪ್ಸ್ ಒಬ್ಬ ಪೋಷಕರಿಂದಲೇ ಬರಬಹುದು. ಸಣ್ಣ ವಯಸ್ಸಿಗೆ ಕಿವುಡಾದ ಚಿಕ್ಕಪ್ಪ, ಕಾರಣ ಗೊತ್ತಾಗದೆ ಕಿಡ್ನಿ ಹೋದ ಅಜ್ಜಿ ಇದ್ದರೆ ಆ ಮಾತನ್ನು ಡಾಕ್ಟರಿಗೆ ಹೇಳಿ. ಎಫ್ಎಂಎಫ್, ಎಂಕೆಡಿಯಲ್ಲಿ ಅಪ್ಪ ಅಮ್ಮ ಇಬ್ಬರೂ ಆರೋಗ್ಯವಾಗಿಯೇ ಇರುವುದು ಸಾಮಾನ್ಯ, ಆದ್ದರಿಂದ ಮನೆಯಲ್ಲಿ ಯಾರಿಗೂ ಇಲ್ಲ ಅನ್ನುವುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಯಾರ ಕಡೆಯಿಂದ ಬಂತು ಅಂತ ಜಗಳ ಆಡಿ ಆ ತಾಯಿಯ ಜೀವ ಹಿಂಡಬೇಡಿ.

ಕೊನೆಯದಾಗಿ, ಕಾಯಿಲೆ ಗೊತ್ತಾದವರು ಡಾಕ್ಟರ ಹತ್ತಿರ ಒಂದು ಪುಟದ ಪತ್ರ ಬರೆಸಿಕೊಂಡು ಯಾವಾಗಲೂ ಜೊತೆಗಿಟ್ಟುಕೊಳ್ಳಿ. ರಾತ್ರಿ ಹೊತ್ತು ಎಮರ್ಜೆನ್ಸಿಗೆ ಹೋದಾಗ ಅಲ್ಲಿರುವ ಡಾಕ್ಟರ್ ಈ ಕಾಯಿಲೆಯ ಹೆಸರನ್ನೇ ಕೇಳಿರದಿರಬಹುದು. ಕಾಯಿಲೆ ಯಾವುದು, ಮಾಮೂಲಿ ದಾಳಿ ಹೇಗಿರುತ್ತದೆ, ಎಷ್ಟು ದಿನ, ಏನು ಔಷಧಿ ನಡೆಯುತ್ತಿದೆ, ಯಾವುದನ್ನು ಕೊಡಬಾರದು, ಯಾರಿಗೆ ಫೋನ್ ಮಾಡಬೇಕು, ಇಷ್ಟು ಸಾಕು. ಜೊತೆಗೆ ಒಂದು ಸಾಲು ಇರಲೇಬೇಕು: ಈ ಮಗುವಿಗೂ ಎಲ್ಲರಂತೆ ನಿಜವಾದ ಸೋಂಕು, ನಿಜವಾದ ಅಪೆಂಡಿಕ್ಸ್ ಬರಬಹುದು, ಜ್ವರ ಎಂದಿನಂತೆ ಇಲ್ಲದಿದ್ದರೆ, ಎಂದಿನ ದಿನಕ್ಕೆ ಇಳಿಯದಿದ್ದರೆ, ಅಥವಾ ಇಂಟರ್‌ಲ್ಯೂಕಿನ್ ತಡೆಯುವ ಇಂಜೆಕ್ಷನ್ ನಡೆಯುತ್ತಿದ್ದರೆ ಸುಮ್ನೆ ಹಳೇ ಕಾಯಿಲೆ ಅಂತ ಮನೆಗೆ ಕಳಿಸಬೇಡಿ, ಪೂರ್ತಿ ತಪಾಸಣೆ ಮಾಡಿ.