ಕಲ್ಲಿಗೆ ಬರೆಸಿದವರು, ಹೆಳವನಿಗೆ ಹೇಳಿದವರು

ಮೇರಿಲ್ಯಾಂಡಿನ ನಮ್ಮ ಮನೆಯಿಂದ ಉತ್ತರಕ್ಕೆ ಒಂದು ತಾಸಿನಷ್ಟು ಕಾರು ಓಡಿಸಿದರೆ ಕಾರ್ಡಿಫ್ ಎಂಬ ಸಣ್ಣ ಊರು ಬರುತ್ತದೆ. ಅದರ ಬೆನ್ನಿಗೇ ಅಂಟಿಕೊಂಡಿರುವುದು ಡೆಲ್ಟಾ. ಅದು ಪೆನ್ಸಿಲ್ವೇನಿಯಾಕ್ಕೆ ಸೇರಿದ್ದು. ಎರಡು ಊರುಗಳ ನಡುವೆ ರಾಜ್ಯದ ಗಡಿ ಹಾದುಹೋಗುತ್ತದೆ. ಡೆಲ್ಟಾದಿಂದ ತುಸು ದೂರದ ಸ್ಲೇಟ್‌ವಿಲ್ಲೆಯಲ್ಲಿ ಒಂದು ಚರ್ಚು, ಅದಕ್ಕೊಂದು ಹಳೆಯ ಸ್ಮಶಾನ. ಅಲ್ಲಿಯ ಸಮಾಧಿಕಲ್ಲುಗಳಲ್ಲಿ ಎಷ್ಟೋ ಕರಿ ಸ್ಲೇಟಿನವು. ಬಳಪ ಹಿಡಿದು ಪಾಟಿಯ ಮೇಲೆ ಅಕ್ಷರ ತಿದ್ದಿದ ನನ್ನಂಥವನಿಗೆ, ಎದೆಮಟ್ಟದ ಪಾಟಿಗಳು ಸಾಲುಗಟ್ಟಿ ನಿಂತದ್ದನ್ನು ಮೊದಲ ಸಲ ಕಂಡಾಗ ಹೇಗಾಗಿರಬೇಡ! ಹತ್ತಿರ ಹೋಗಿ ನೋಡಿದರೆ ಹಲವು ಕಲ್ಲುಗಳಲ್ಲಿ ಅಕ್ಷರ ಇಂಗ್ಲಿಷಿನದೇ, ಭಾಷೆ ಮಾತ್ರ ಬೇರೆ.

ಅದು ವೆಲ್ಷ್, ಬ್ರಿಟನ್ನಿನ ಪಶ್ಚಿಮ ಭಾಗದ ವೇಲ್ಸ್ ನಾಡಿನ ಭಾಷೆ. ಉತ್ತರ ವೇಲ್ಸಿನಲ್ಲಿ ಸ್ಲೇಟು ಸೀಳುವ ಕಸುಬು ಬಲ್ಲವರು 1840ರ ದಶಕದಿಂದ ಇಲ್ಲಿಗೆ ಬರತೊಡಗಿದರು. ಕೋಲ್ಸನ್‌ಟೌನ್ ಎಂಬಲ್ಲಿ ಅವರು ತಮ್ಮೂರಿನ ಮಾದರಿಯಲ್ಲೇ ಕಟ್ಟಿಕೊಂಡ ಕಲ್ಲಿನ ಮನೆಗಳು ಇನ್ನೂ ನಿಂತಿವೆ. ಡೆಲ್ಟಾದಲ್ಲಿ ರೆಹೋಬೋತ್ ಎಂಬ ಅವರ ಪ್ರಾರ್ಥನಾ ಮಂದಿರವಿದೆ. ಇಲ್ಲಿಯ ಪೀಚ್ ಬಾಟಮ್ ಸ್ಲೇಟು ಬಣ್ಣ ಮಾಸುವುದಿಲ್ಲವೆಂದು ಹೆಸರಾದದ್ದು. ಮನೆಗಳ ಮಾಳಿಗೆಗೆ ಹೊದಿಸಲೆಂದು ತೆಳ್ಳಗೆ ಸೀಳುತ್ತಿದ್ದ ಕಲ್ಲನ್ನು, ತಮ್ಮವರು ಸತ್ತಾಗ ದಪ್ಪಗೆ ಸೀಳಿ ಹೆಸರು ಕೆತ್ತಿದರು. ಪಕ್ಕದ ಅಮೃತಶಿಲೆಯ ಕಲ್ಲುಗಳ ಮುಖವೆಲ್ಲ ನೀರು ತಾಗಿದ ಬೂರಾ ಸಕ್ಕರೆಯಂತೆ ಉದುರಿದೆ. ಸ್ಲೇಟಿನ ಮೇಲಿನ ಅಕ್ಷರದ ಅಂಚಿಗೆ ಇವತ್ತಿಗೂ ಉಗುರು ಸಿಕ್ಕುತ್ತದೆ.

ನಾನು ಅಲ್ಲಿಗೆ ಹೋದದ್ದು ಕನ್ನಡಿ ಹಿಡಿಯಲು. ನನ್ನ ಜೊತೆ ಕೆಲಸ ಮಾಡಿ ನಿವೃತ್ತರಾದ ಮಹಿಳೆಯೊಬ್ಬರ ತಾಯಿಯ ಕಡೆಯವರು ವೇಲ್ಸಿನಿಂದ ಬಂದವರು. ಎಪ್ಪತ್ತು ದಾಟಿದ ಅವರು ಶನಿವಾರಗಳಂದು ಈ ಕಲ್ಲುಗಳ ಬರಹವನ್ನು ಪಟ್ಟಿ ಮಾಡುತ್ತಾರೆ. ಅದಕ್ಕೆ ಬೇಕಾದದ್ದು ಒಂದು ಬಕೆಟ್ ನೀರು, ಮೆತ್ತನೆಯ ಬ್ರಷ್ಷು, ಆಳೆತ್ತರದ ಒಂದು ಕನ್ನಡಿ. ಬಿಸಿಲನ್ನು ಕನ್ನಡಿಯಲ್ಲಿ ಹಿಡಿದು ಕಲ್ಲಿನ ಮೈಗೆ ಓರೆಯಾಗಿ ಬಿಟ್ಟರೆ, ಸವೆದ ಅಕ್ಷರವೂ ನೆರಳು ತುಂಬಿಕೊಂಡು ಎದ್ದು ನಿಲ್ಲುತ್ತದೆ. ತಂತಿ ಬ್ರಷ್ಷು ಮುಟ್ಟಿಸುವಂತಿಲ್ಲ, ಸುಣ್ಣದ ಪುಡಿ ಬಳಿಯುವಂತಿಲ್ಲ, ಕಾಗದ ಹಚ್ಚಿ ಉಜ್ಜುವಂತಿಲ್ಲ. ನಮ್ಮ ಕಡೆ ಹನುಮಪ್ಪನ ಗುಡಿಯ ಮುಂದಿನ ವೀರಗಲ್ಲಿಗೆ ಎಣ್ಣೆ, ಕುಂಕುಮ, ಸುಣ್ಣ ಮೆತ್ತಿ ಮೆತ್ತಿ ವೀರನನ್ನು ದೇವರು ಮಾಡಿ, ಅವನ ಹೆಸರನ್ನು ಅಳಿಸಿಬಿಟ್ಟ ನಾವು ನೆನಪಾದೆವು. ಹೇಳಿದರೆ ಅವರು ಬ್ರಷ್ಷು ಕೆಳಗಿಟ್ಟು ತಲೆ ಹಿಡಿದುಕೊಂಡಾರು ಎಂದು ಸುಮ್ಮನಿದ್ದೆ.

ಮೂರು ಶನಿವಾರಗಳಲ್ಲಿ ಕಲ್ಲಿನ ಭಾಷೆ ಅಷ್ಟಿಷ್ಟು ತಿಳಿಯತೊಡಗಿತು. ‘ಎರ್ ಕೋವ್ ಆಮ್’ ಎಂದರೆ ‘ಇಂಥವರ ನೆನಪಿಗೆ’. ‘ಬಿ ವಾರು’ ಎಂದರೆ ‘ತೀರಿಕೊಂಡರು’. ಮೆಡಿ ಎಂದರೆ ಸೆಪ್ಟೆಂಬರ್. ಕೊಯ್ಯುವುದಕ್ಕೂ ಅದೇ ಶಬ್ದ. ನನಗೆ ಮೈ ಜುಮ್ಮೆಂದದ್ದು ಇನ್ನೊಂದು ಸಂಗತಿಗೆ. ವೆಲ್ಷ್ ಭಾಷೆಯಲ್ಲಿ ಹಿಂದಿನ ಪದದ ದೆಸೆಯಿಂದ ಮುಂದಿನ ಪದದ ಮೊದಲ ವ್ಯಂಜನ ಬದಲಾಗುತ್ತದೆ: ಕಕಾರ ಗಕಾರವಾಗುತ್ತದೆ, ತಕಾರ ದಕಾರವಾಗುತ್ತದೆ, ಪಕಾರ ಬಕಾರವಾಗುತ್ತದೆ. ಮಳೆ ಮತ್ತು ಕಾಲ ಕೂಡಿ ಮಳೆಗಾಲ, ಬೆಟ್ಟ ಮತ್ತು ತಾವರೆ ಕೂಡಿ ಬೆಟ್ಟದಾವರೆ ಎಂದು ಆರನೆಯ ಇಯತ್ತೆಯಲ್ಲಿ ಗಟ್ಟು ಹೊಡೆದ ಆದೇಶಸಂಧಿಯನ್ನು ಪೆನ್ಸಿಲ್ವೇನಿಯಾದ ಸ್ಮಶಾನದಲ್ಲಿ ಮತ್ತೆ ಕಾಣುತ್ತೇನೆಂದು ಯಾರು ಅಂದುಕೊಂಡಿದ್ದರು! ನಮ್ಮಲ್ಲಿ ಅದು ಸಮಾಸದೊಳಗಿನ ಮಾತು. ಅವರಲ್ಲಿ ಊರಿನ ಹೆಸರಿನ ತಲೆಯನ್ನೂ ಬಿಡುವುದಿಲ್ಲ. ಬೆಥೆಸ್ಡಾ ಎಂಬುದು ಉತ್ತರ ವೇಲ್ಸಿನ ಸ್ಲೇಟು ಗಣಿಗಾರರ ಊರು. ‘ಬೆಥೆಸ್ಡಾದಿಂದ’ ಎನ್ನಬೇಕಾದರೆ ಬಕಾರ ವಕಾರವಾಗಿ ‘ಒ ವೆಥೆಸ್ಡಾ’ ಆಗುತ್ತದೆ. ಭಾಷೆ ಬಾರದ ಯಾರೋ ಹಿಂದೆ ಟೈಪು ಮಾಡಿಟ್ಟ ಪಟ್ಟಿಯೊಂದರಲ್ಲಿ ‘ವೆಥೆಸ್ಡಾ’ ಎಂಬ ಊರೇ ಹುಟ್ಟಿಕೊಂಡಿತ್ತು. ಭೂಪಟದಲ್ಲಿ ಎಲ್ಲೂ ಇಲ್ಲದ ಆ ಊರನ್ನು ಹುಡುಕಿ ಎಷ್ಟು ಮರಿಮಕ್ಕಳು ಸುಸ್ತಾಗಿದ್ದಾರೋ. ಇದರಲ್ಲಿ ಕಲ್ಲು ಕೆತ್ತಿದವನ ತಪ್ಪು ಏನೂ ಇಲ್ಲ.

ಇನ್ನು ಹೆಸರುಗಳ ಸಂಗತಿ. ಜೋನ್ಸ್, ವಿಲಿಯಮ್ಸ್, ರಾಬರ್ಟ್ಸ್, ಹ್ಯೂಸ್, ಎವನ್ಸ್, ಮತ್ತೆ ಜೋನ್ಸ್. ವೆಲ್ಷ್ ಜನಕ್ಕೆ ಮೊದಲು ಅಡ್ಡಹೆಸರೇ ಇರಲಿಲ್ಲ. ರೀಸನ ಮಗ ಎನ್ನಲು ‘ಆಪ್ ರೀಸ್’ ಎನ್ನುತ್ತಿದ್ದರು. ಹದಿನಾರನೆಯ ಶತಮಾನದಲ್ಲಿ ವೇಲ್ಸ್ ಪೂರ್ತಿಯಾಗಿ ಇಂಗ್ಲೆಂಡಿನ ಕಾನೂನಿನ ಕೆಳಗೆ ಬಂದ ಮೇಲೆ ಇಂಗ್ಲಿಷ್ ರೀತಿಯ ಕುಟುಂಬದ ಹೆಸರು ಹಬ್ಬುತ್ತ ಹೋಗಿ ಆಪ್ ರೀಸ್ ಪ್ರೈಸ್ ಆಯಿತು, ಆಪ್ ಹ್ಯೂ ಪ್ಯೂ ಆಯಿತು, ಆಪ್ ಹವೆಲ್ ಪೊವೆಲ್ ಆಯಿತು. ಯಾವುದೋ ಒಂದು ತಲೆಮಾರಿನ ಅಪ್ಪನ ಹೆಸರು ಅಲ್ಲಿಗೇ ಹೆಪ್ಪುಗಟ್ಟಿ ಮುಂದಿನವರಿಗೆಲ್ಲ ಅಂಟಿಕೊಂಡಿತು. ಇದನ್ನು ಕೇಳಿ ಹಾಸನದವಳಾದ ನನ್ನ ಹೆಂಡತಿ ನಕ್ಕಳು. ಅವಳಿಗೂ ಅಡ್ಡಹೆಸರಿರಲಿಲ್ಲ, ಇದ್ದದ್ದು ಎರಡು ಇನಿಷಿಯಲ್: ಒಂದು ಊರು, ಒಂದು ಅಪ್ಪ. ವೀಸಾ ಅರ್ಜಿ ತುಂಬುವಾಗ ಅಪ್ಪನ ಹೆಸರು ಕುಟುಂಬದ ಹೆಸರಾಯಿತು, ಊರು ಉದುರಿಹೋಯಿತು. ಈಗ ಇಲ್ಲಿಯ ದಂತವೈದ್ಯರ ಸಹಾಯಕಿ ಅವಳನ್ನು ಕರೆಯುವುದು ನನ್ನ ಮಾವನ ಹೆಸರಿನಿಂದ.

ನನ್ನ ಕಥೆ ಬೇರೆ. ಬಾಗಲಕೋಟೆಯ ಕಡೆಯವನಾದ ನನಗೆ ಅಡ್ಡಹೆಸರಿನ ಬರವಿಲ್ಲ. ನಮ್ಮ ಶಾಲೆಯ ಹಾಜರಿ ಪುಸ್ತಕ ಓದಿದರೆ ಸಂತೆಯಲ್ಲಿ ತಿರುಗಿದಂತಾಗುತ್ತಿತ್ತು: ಬೆಲ್ಲದ, ಅಕ್ಕಿ, ಮೆಣಸಿನಕಾಯಿ, ತುಪ್ಪದ. ನಮ್ಮದು ಉಳ್ಳಾಗಡ್ಡಿ, ಅಂದರೆ ಈರುಳ್ಳಿ. ಅರ್ಥ ಹೇಳಿದಾಗ ಆ ಹಿರಿಯರು ಕನ್ನಡಿ ಅಲುಗುವಷ್ಟು ನಕ್ಕು, ವೇಲ್ಸಿನ ರಾಷ್ಟ್ರಲಾಂಛನ ಲೀಕ್ ಎಂಬ ಸೊಪ್ಪು, ಅದು ಉಳ್ಳಾಗಡ್ಡಿಯ ದಾಯಾದಿ ಎಂದರು. ಅಂದಿನಿಂದ ನಾನು ಅವರಿಗೆ ನೆಂಟ.

ಹೆಸರು ಇಷ್ಟು ಕಡಿಮೆಯಾದರೆ ಗುರುತು ಹಿಡಿಯುವುದು ಹೇಗೆ? ಅದಕ್ಕೇ ಅವರು ಊರನ್ನು ಬಿಡಲಿಲ್ಲ. ಯಾವ ಸೀಮೆ, ಯಾವ ಹಳ್ಳಿ ಎಂದು ಕೆತ್ತಿಸಿದರು. ವೇಲ್ಸಿನಲ್ಲಾದರೆ ಹೊಲಮನೆಯ ಹೆಸರನ್ನೂ ಸೇರಿಸುತ್ತಾರೆ. ಹಡಗು ಹತ್ತುವಾಗಿನ ಪಟ್ಟಿಯಲ್ಲಾಗಲಿ ಜನಗಣತಿಯಲ್ಲಾಗಲಿ ‘ವೇಲ್ಸ್’ ಎಂದೊಂದೇ ಪದ ಇರುವ ಕಡೆ, ಸಮಾಧಿಯ ಕಲ್ಲು ಹಳ್ಳಿಯ ಹೆಸರು ಹೇಳುತ್ತದೆ. ವಂಶದ ಬೇರು ಹುಡುಕುವವರು ಸ್ಮಶಾನಕ್ಕೆ ಬರುವುದು ಇದಕ್ಕಾಗಿ. ಕೆಲವು ಕಲ್ಲುಗಳ ಬುಡದಲ್ಲಿ ಸಣ್ಣ ಪದ್ಯವೂ ಇರುತ್ತದೆ. ‘ಎಂಗ್ಲಿನ್’ ಎಂಬುದು ಅವರ ನಾಲ್ಕು ಸಾಲಿನ, ಮೂವತ್ತು ಅಕ್ಷರದ ಬಂಧ. ವ್ಯಂಜನಗಳು ಒಂದಕ್ಕೊಂದು ಮಾರ್ನುಡಿಯುವಂತೆ ಕಟ್ಟಬೇಕು. ನಮ್ಮ ಜಿಲ್ಲೆಯ ಬಾದಾಮಿಯ ಬಂಡೆಯಲ್ಲಿ ಕಪ್ಪೆ ಅರಭಟ್ಟನನ್ನು ‘ಸಾಧುಗೆ ಸಾಧು’ ಎಂದು ಕೊಂಡಾಡುವ ತ್ರಿಪದಿಯನ್ನು ಸುಮಾರು 1300 ವರ್ಷಗಳ ಹಿಂದೆಯೇ ಕೆತ್ತಿದ್ದಾರೆ. ಅಂದರೆ ಮನುಷ್ಯನ ಗುಣವನ್ನು ಪ್ರಾಸಬದ್ಧವಾಗಿ ಕಲ್ಲಿಗೆ ಇಳಿಸುವುದು ನಮಗೆ ಗೊತ್ತಿರಲಿಲ್ಲವೆಂದಲ್ಲ. ಆಮೇಲೆ ಬಿಟ್ಟೆವು.

ಯಾಕೆ ಬಿಟ್ಟೆವು ಎಂದು ಇಲ್ಲಿಯ ಕನ್ನಡ ಗೆಳೆಯರ ನಡುವೆ ಕೇಳಿದರೆ ಒಂದೇ ಉತ್ತರ: ‘ನಾವು ಸುಡುವವರು, ನಮಗೆಲ್ಲಿಯ ಸಮಾಧಿಕಲ್ಲು?’ ಈ ‘ನಾವು’ ಯಾರು ಎಂದು ನನಗೆ ಸಿಟ್ಟು ಬರುತ್ತದೆ. ಹೂಳುವ ಸಮುದಾಯಗಳು ಕರ್ನಾಟಕದಲ್ಲಿ ಬೇಕಾದಷ್ಟಿವೆ. ಲಿಂಗಾಯತರಾದ ನಾವು ಕೂರಿಸಿ, ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ವಿಭೂತಿ ಪತ್ರೆಯೊಡನೆ ಮಣ್ಣು ಮಾಡುತ್ತೇವೆ. ಅಜ್ಜನನ್ನು ನಮ್ಮ ಹೊಲದಲ್ಲೇ ಮಣ್ಣು ಮಾಡಿದ್ದೆವು. ಮೇಲೊಂದು ಕಟ್ಟೆ, ಕಟ್ಟೆಯ ಮೇಲೆ ಲಿಂಗದ ಕಲ್ಲು. ಹೆಸರು ಬರೆಸಿರಲಿಲ್ಲ. ಯಾರ ಸಮಾಧಿ ಎಂದು ಊರಿಗೆಲ್ಲ ಗೊತ್ತಿರುವಾಗ ಬರೆಸುವುದೇಕೆ?

ಊರು ಇರುವವರೆಗೆ ಈ ಮಾತು ಸರಿ. ಆಲಮಟ್ಟಿಯ ಹಿನ್ನೀರು ಘಟಪ್ರಭೆಯ ದಂಡೆಯ ನಮ್ಮ ಊರಿಗೂ ಬಂತು. ಮುಳುಗಡೆಯಾಗುವ ಮುನ್ನ ಏನೇನು ಇತ್ತೆಂದು ಅಪ್ಪ ತಮ್ಮ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟ ಪಟ್ಟಿ ನನ್ನ ಬಳಿ ಇದೆ: ಬೇವಿನ ಮರ 4, ಬನ್ನಿ 1, ಬಾವಿ 1, ತೊಲೆ 22, ಬಾಗಿಲು 5. ಅಜ್ಜನ ಸಮಾಧಿ ಆ ಪಟ್ಟಿಯಲ್ಲಿ ಇಲ್ಲ. ಅಪ್ಪ ಮರೆತದ್ದಲ್ಲ, ಅದು ಬರೆಯುವಂಥ ವಸ್ತು ಎಂದು ಅವರಿಗೆ ಅನಿಸಿರಲಿಕ್ಕಿಲ್ಲ. ವೇಲ್ಸಿನಲ್ಲೂ ಒಂದು ಮುಳುಗಡೆಯ ಊರಿದೆ. ಲಿವರ್‌ಪೂಲ್ ನಗರಕ್ಕೆ ನೀರು ಒದಗಿಸಲೆಂದು 1965ರಲ್ಲಿ ಕಪೆಲ್ ಕೆಲಿನ್ ಎಂಬ ಹಳ್ಳಿಯನ್ನು ಮುಳುಗಿಸಿದರು. ಅಲ್ಲಿ ಕೆಲವರ ಅವಶೇಷಗಳನ್ನು ಬೇರೆಡೆಗೆ ಒಯ್ದು, ಉಳಿದ ಸಮಾಧಿಗಳನ್ನು ಕಾಂಕ್ರೀಟಿನಿಂದ ಮುಚ್ಚಿದರು. ಹೆಸರಿದ್ದ ಕಲ್ಲುಗಳನ್ನು ದಂಡೆಗೆ ತಂದಿಟ್ಟರು. ಕಲ್ಲಿನ ಮೇಲೆ ಹೆಸರಿದ್ದದ್ದರಿಂದ ತರಲು ಏನೋ ಒಂದು ಇತ್ತು.

ಹಾಗೆಂದು ನಮ್ಮವರು ವಂಶದ ದಾಖಲೆಯನ್ನೇ ಇಡಲಿಲ್ಲವೆಂದರೆ ಅದು ಸುಳ್ಳು. ಇಟ್ಟೆವು, ಮನೆಮನೆಗೆ ಬಂದು ವಂಶಾವಳಿ ಹೇಳುವ ಹೆಳವರ ಬಳಿ. ಸುಗ್ಗಿ ಮುಗಿದ ಮೇಲೆ ಎತ್ತಿನ ಬಂಡಿಯಲ್ಲಿ ಬಂದು, ನಸುಕಿನಲ್ಲಿ ಗಂಟೆ ಬಾರಿಸಿ, ಬಾಗಿಲಲ್ಲಿ ನಿಂತು ನಮ್ಮ ಹಿರಿಯರ ಹೆಸರು ಹೇಳುತ್ತಿದ್ದ ಆ ದನಿ ನನ್ನ ಕಿವಿಯಲ್ಲಿದೆ. ಕೆಂಪು ಬಟ್ಟೆಯ ಗಂಟು ಬಿಚ್ಚಿ, ವಹಿ ತೆರೆದು, ಏಳು ತಲೆಮಾರು ಹೇಳುತ್ತಿದ್ದರು: ಮೂಲ ಯಾವುದು, ಡೋಗಿ ಬರದಲ್ಲಿ ಯಾವ ಊರು ಬಿಟ್ಟು ಎಲ್ಲಿಗೆ ಬಂದೆವು, ಯಾರು ಯಾರಿಂದ ಬೇರೆಯಾದರು. ಹಿಂದಿನ ಸಲ ಬಂದು ಹೋದ ಮೇಲೆ ಹುಟ್ಟಿದವರನ್ನು ಕೇಳಿ ಬರೆದುಕೊಳ್ಳುತ್ತಿದ್ದರು. ಅಪ್ಪ ಒಂದು ಚೀಲ ಜೋಳ, ಧೋತರ ಕೊಡುತ್ತಿದ್ದರು. ನನ್ನ ಹೆಸರು ಸೇರಿದ ವರ್ಷ ಒಂದು ಹೋರಿಗರುವನ್ನೂ ಕೊಟ್ಟರಂತೆ.

ನನಗೆ ಈ ರೀತಿ ಕಲ್ಲಿಗಿಂತ ಒಂದು ಕೈ ಮೇಲು ಎನಿಸುತ್ತದೆ. ಕಲ್ಲು ಸತ್ತವರನ್ನು ಮಾತ್ರ ಬರೆಯುತ್ತದೆ, ಒಮ್ಮೆ ಬರೆದು ಮುಗಿಸುತ್ತದೆ. ಹೆಳವರ ವಹಿ ಕೂಸನ್ನೂ ಬರೆದುಕೊಳ್ಳುತ್ತದೆ, ಮತ್ತೆ ಬಂದು ಬಾಗಿಲು ತಟ್ಟುತ್ತದೆ. ಸ್ಲೇಟ್‌ವಿಲ್ಲೆಯ ಕಲ್ಲುಗಳ ವಾರಸುದಾರರಲ್ಲಿ ಎಷ್ಟೋ ಮಂದಿಗೆ ತಮ್ಮ ಮುತ್ತಜ್ಜಿಯ ಕಲ್ಲನ್ನು ಓದಲು ಬರುವುದಿಲ್ಲ. ಕಲ್ಲು ಗಟ್ಟಿಯಾಗಿದೆ, ಭಾಷೆ ಸವೆದಿದೆ. ನಮ್ಮ ಮಕ್ಕಳ ಕನ್ನಡವನ್ನು ನೆನೆದರೆ ಅವರನ್ನು ನೋಡಿ ನಗುವ ಯೋಗ್ಯತೆ ನನಗಿಲ್ಲ. ಆದರೆ ಆ ಕಲ್ಲುಗಳಲ್ಲಿ ‘ಮೆರ್ಖ್’ ಎಂಬ ಪದ ಅಡಿಗಡಿಗೆ ಬರುತ್ತದೆ, ಮಗಳು ಎಂದರ್ಥ. ಹಳೆಯ ವೇಲ್ಸಿನಲ್ಲಿ ಮದುವೆಯಾದ ಹೆಣ್ಣು ತವರಿನ ಹೆಸರನ್ನೇ ಉಳಿಸಿಕೊಳ್ಳುವುದೂ ವಾಡಿಕೆಯಾಗಿತ್ತು. ನಮ್ಮ ಮನೆಯ ಏಳು ತಲೆಮಾರಿನಲ್ಲಿ ನಾನು ಕೇಳಿದ್ದೆಲ್ಲ ಗಂಡಸರ ಹೆಸರು. ಅಪ್ಪನಿಗೆ ಮೂವರು ಅಕ್ಕಂದಿರಿದ್ದರೆಂಬುದು ಆ ವಹಿಯನ್ನು ಓದಿದವರಿಗೆ ತಿಳಿಯುವುದಿಲ್ಲ.

ಸ್ಮಶಾನದ ಹೊಸ ಸಾಲಿನಲ್ಲಿ ನುಣುಪಾದ ಕಪ್ಪು ಗ್ರಾನೈಟಿನ ಕಲ್ಲುಗಳಿವೆ. ಅಮೆರಿಕದ ಸಮಾಧಿಗಳಿಗೆ ಭಾರತದಿಂದ ಬಹಳಷ್ಟು ಗ್ರಾನೈಟ್ ಬರುತ್ತದೆ. ಚಾಮರಾಜನಗರದ ಕರಿಕಲ್ಲು, ನಮ್ಮ ಇಳಕಲ್ಲಿನ ಕೆಂಪುಕಲ್ಲು ಎರಡೂ ಹಡಗು ಹತ್ತುವಂಥವೇ. ಒಂದು ಕಲ್ಲಿನ ಮೇಲೆ ಕೈಯಿಟ್ಟು ‘ಇದು ನಮ್ಮ ಕಡೆಯದಿರಬಹುದು’ ಎಂದೆ. ಅವರು ಪಟ್ಟಿಯಿಂದ ತಲೆಯೆತ್ತಿ, ‘ನಿಮ್ಮ ಅಜ್ಜ ಎಲ್ಲಿದ್ದಾರೆ?’ ಎಂದು ಕೇಳಿದರು. ‘ನೀರಿನಲ್ಲಿ’ ಎಂದೆ. ಮುಂದೆ ಏನೂ ಕೇಳದೆ ಬಕೆಟ್ ಎತ್ತಿಕೊಂಡು ಮುಂದಿನ ಕಲ್ಲಿಗೆ ನಡೆದರು.

ಆ ರಾತ್ರಿ ಬಾಗಲಕೋಟೆಯ ನವನಗರದಲ್ಲಿರುವ ಅಣ್ಣನಿಗೆ ಫೋನು ಮಾಡಿ ಹೆಳವರ ವಿಚಾರ ಕೇಳಿದೆ. ಹಿರಿಯರು ತೀರಿಕೊಂಡಿದ್ದಾರೆ, ಮಗ ಬೇಸಿಗೆಯಲ್ಲಿ ಬರುತ್ತಾನೆ, ಬಂಡಿಯಲ್ಲ, ಮೋಟರ್ ಸೈಕಲ್ ಮೇಲೆ. ಅಣ್ಣ ಅವರ ಮೊಬೈಲ್ ಸಂಖ್ಯೆ ಕೊಟ್ಟ. ನಾನು ಯಾರೆಂದು ಹೇಳುವ ಮೊದಲೇ ಅಡ್ಡಹೆಸರು ಕೇಳಿ ಅಪ್ಪ, ಅಜ್ಜ, ಮುತ್ತಜ್ಜ ಎಂದು ಸುರುಮಾಡಿಬಿಟ್ಟರು. ನಡುವೆ ತಡೆದು, ಮಗಳೊಬ್ಬಳಿದ್ದಾಳೆ, ಅವಳ ಹೆಸರು ಬರೆದುಕೊಳ್ಳಬೇಕು ಎಂದೆ.

‘ಹೆಣ್ಣುಮಕ್ಕಳನ್ನು ನಮ್ಮ ಅಪ್ಪ ಬರೆಯುತ್ತಿರಲಿಲ್ಲ, ಸಾಹೇಬರೇ.’

‘ನೀವು ಬರೆಯುತ್ತೀರಾ?’

ಸ್ವಲ್ಪ ಹೊತ್ತು ಹಾಳೆ ತಿರುವುವ ಸಪ್ಪಳ. ಹೆಸರು ಹೇಳಿ ಎಂದರು, ಹೇಳಿದೆ. ಹುಟ್ಟಿದ ಊರು ಎಂದರು, ಅದನ್ನೂ ಹೇಳಿದೆ. ಬರೆದದ್ದನ್ನು ಓದಿ ಎಂದಾಗ ಓದಿದರು: ಮೇರಿಲ್ಯಾಂಡ್ ಅವರ ವಹಿಯಲ್ಲಿ ‘ಮಿರಜಲಂಡ’ ಆಗಿತ್ತು. ಒಂದೊಂದೇ ಅಕ್ಷರ ಬಿಡಿಸಿ ಹೇಳಿ ತಿದ್ದಿಸಿದೆ. ಮಗಳ ಹೆಸರನ್ನು ಮೊದಲ ಸಲವೇ ಸರಿಯಾಗಿ ಬರೆದಿದ್ದರು.