ಮಂಜು ಒರೆಸೋ ಜನ

ಬೆಳಿಗ್ಗೆಯಿಂದ ತಲೆ ಕೆಟ್ಟಿದೆ, ಬರ್ದೇ ಬಿಡ್ತೀನಿ. ಗೊತ್ತಲ್ಲ ನನ್ ಚಟ, ಜನವರಿ ಬಂತು ಅಂದ್ರೆ ಕಣದಲ್ಲಿ ಕಾಫಿ ಹರಡೋದಿದ್ರೂ ಅಮ್ಮನ ಹತ್ರ ಬೈಸ್ಕೊಂಡು ಟ್ರೈಪಾಡ್ ಹೊತ್ಕೊಂಡು ಹೊರಡೋದು. ನಿನ್ನೆ ರಾತ್ರಿ ಮೋಡ ಇಲ್ಲ, ಗಾಳಿನೂ ಇಲ್ಲ, ನೆಲ ಚೆನ್ನಾಗಿ ತಣ್ಣಗಾಗಿ ಕಣಿವೇಲಿ ಮಂಜು ನಿಂತೇ ನಿಲ್ಲುತ್ತೆ ಅಂತ ಮಲಗೋವಾಗ್ಲೇ ಲೆಕ್ಕ ಹಾಕಿದ್ದೆ. ದೇವರಮನೆ ಗುಡ್ಡದ ಮೇಲೆ ಹೋಗಿ ನೋಡಿದ್ರೆ ಗುಡ್ಡಗಳ ನೆತ್ತಿ ಬಿಟ್ರೆ ಬೇರೇನೂ ಇಲ್ಲ ಮಾರಾಯ್ರೇ.

ಪಕ್ಕದಲ್ಲೇ ಒಂದು ಹುಡುಗ್ರ ಗುಂಪು, ಬೆಂಗಳೂರಿಂದ ರಾತ್ರಿ ಬಿಟ್ಟು ಬಂದಿದ್ರಂತೆ, ಮಂಜು ನೋಡಕ್ಕೆ. ಆಮೇಲೆ ಕೊಟ್ಟಿಗೆಹಾರದಲ್ಲಿ ನೀರ್‌ದೋಸೆ ತಿನ್ನೋವಾಗ ಅವರೇ ಮತ್ತೆ ಎದುರು ಟೇಬಲ್ಲು. ಒಬ್ಬ ಫೋಟೋ ತೆಗೆದು ಎಡಿಟಿಂಗ್ ಆ್ಯಪಲ್ಲಿ ಮಬ್ಬು ತೆಗೆಯೋ ಡಿಹೇಝ್ ಅನ್ನೋ ಪಟ್ಟೀನ ಈ ತುದಿಯಿಂದ ಆ ತುದಿಗೆ ಎಳೆದ, ಮಂಜು ಮಾಯ! ಹಿಂದಿನ ಗುಡ್ಡ ಕಪ್ಪಗೆ, ಆಕಾಶ ಕಲೆಕಲೆ. "ಈಗ ಕ್ಲಿಯರ್ ಆಯ್ತು ನೋಡೋ" ಅಂತಾನೆ. ಅಲ್ಲಪ್ಪ, ಕ್ಲಿಯರ್ರೇ ಬೇಕಿದ್ರೆ ಮಧ್ಯಾಹ್ನ ಹನ್ನೆರಡಕ್ಕೆ ಬಾ, ನಿದ್ದೆ ಯಾಕೆ ಕೆಡಿಸ್ಕೋತೀಯ?

ಹತ್ತಿರದ ಸಿಲ್ವರ್ ಓಕ್ ಕಪ್ಪಗೆ, ಅದರ ಹಿಂದಿನ ಸಾಲು ಸ್ವಲ್ಪ ಮಾಸಲು, ಅದರ ಹಿಂದಿಂದು ಇದ್ಯೋ ಇಲ್ವೋ ಅನ್ನೋ ಹಂಗೆ. ದೂರ ಎಷ್ಟು ಅಂತ ಕಣ್ಣಿಗೆ ಹೇಳ್ತಿರೋದೇ ಆ ಮಂಜು. ಅದನ್ನ ಒರೆಸಿದ್ರೆ ಎಲ್ಲಾ ಮರನೂ ಒಂದೇ ಗೋಡೆಗೆ ಅಂಟಿಸಿದಂಗೆ ಕಾಣ್ತವೆ.

ಅವ್ರ ಫೋಟೋ ಅವ್ರಿಷ್ಟ, ನಿಂಗೇನು ಅಂತ ಈಗ ಯಾರಾದ್ರೂ ಕಾಮೆಂಟ್ ಹಾಕ್ತೀರ. ಹಾಕಿ. ಊರಿನ ಧೂಳು ಹೊಗೆ ತೆಗೆಯಕ್ಕೆ ಡಿಹೇಝ್ ಬಳಸ್ಲಿ, ನಾನೂ ಬಳಸ್ತೀನಿ. ಮಂಜು ನೋಡಕ್ಕೇ ಬಂದೋನು ಮಂಜು ತೆಗೆಯೋದಿದ್ಯಲ್ಲ, ಅದು ಹೋಳಿಗೆ ಊಟಕ್ಕೆ ಬಂದು ಹೂರಣ ತೆಗೆದಿಟ್ಟಂಗೆ.

ಸರಿ, ಒಂದು ವಿಷಯ ಒಪ್ಕೊಂಡ್ಬಿಡ್ತೀನಿ. ಗುಲ್ಮಾರ್ಗಿಗೆ ಹೋಗಿ ಬಂದಾಗ "ವೆದರ್ ಸರಿ ಇರ್ಲಿಲ್ಲ" ಅಂತ ಒಂದು ಫೋಟೋನೂ ಹಾಕ್ಲಿಲ್ವಲ್ಲ, ಸುಳ್ಳು ಅದು. ವೆದರ್ ಚಿನ್ನದಂಗಿತ್ತು. ಬೆಳಕು ಅಳೆಯೋ ಕ್ಯಾಮೆರಾ ಮೀಟರಿಗೆ ಇಡೀ ಲೋಕ ಮಧ್ಯಮ ಬೂದು ಅನ್ನೋ ನಂಬಿಕೆ, ಬರೀ ಬಿಳಿ ಕಂಡ್ರೆ ಬೆಳಕು ಜಾಸ್ತಿ ಆಯ್ತು ಅಂತ ತಾನೇ ಇಳಿಸುತ್ತೆ. ಹಿಮಕ್ಕೆ ಎಕ್ಸ್‌ಪೋಷರ್ ಒಂದೂವರೆ ಎರಡು ಸ್ಟಾಪ್ ಏರಿಸ್ಬೇಕಿತ್ತು (ಒಂದು ಸ್ಟಾಪ್ ಅಂದ್ರೆ ಬೆಳಕು ಎರಡರಷ್ಟು), ನಾನು ಆಟೋಲಿ ಬಿಟ್ಟು ಅಷ್ಟೂ ಹಿಮಾನ ಒಲೆ ಬೂದಿ ಮಾಡ್ಕೊಂಡು ಬಂದೆ. ಸಾಲದ್ದಕ್ಕೆ ಚಳೀಲಿದ್ದ ಕ್ಯಾಮೆರಾನ ಸೀದಾ ಬೆಚ್ಚಗಿನ ರೂಮಿಗೆ ತಂದೆ, ಲೆನ್ಸೆಲ್ಲಾ ಬೆವರು. ಹೊರಗಡೇನೇ ಪ್ಲಾಸ್ಟಿಕ್ ಕವರಲ್ಲಿ ಗಟ್ಟಿ ಕಟ್ಟಿ ಒಳಗೆ ತರ್ಬೇಕು ಅಂತ ಆಮೇಲೆ ಗೊತ್ತಾಯ್ತು. ನಮ್ಮ ಕಡೆ ಹಿಮಕ್ಕೂ ಮಂಜು ಇದಕ್ಕೂ ಮಂಜು ಅಂತೀವಲ್ಲ, ಊರಿನ ಮಂಜು ತೆಗೆದೋನಿಗೆ ಅಲ್ಲಿಂದು ಯಾವ ಲೆಕ್ಕ ಅನ್ಕೊಂಡಿದ್ದೆ. ಊರಿನ ಮಂಜಿಗೂ ಒಂದು ಸ್ಟಾಪ್ ಏರಿಸ್ಬೇಕು ಅನ್ನೋದು ಕಲಿತಿದ್ದೇ ಆ ಬೂದಿ ನೋಡಿ. ಹಂಗಂತ ನಾನು ಹಿಮ ಒರೆಸಿ ಕೆಳಗಿನ ಹುಲ್ಲು ತೋರ್ಸಕ್ಕೆ ಹೋಗ್ಲಿಲ್ಲ!

ತಡೀಲಾರ್ದೆ ಆ ಹುಡುಗನಿಗೆ ನನ್ ಕ್ಯಾಮೆರಾ ಸ್ಕ್ರೀನ್ ತೋರಿಸ್ದೆ. ಸಾಲು ಸಾಲು ಮರ, ಕೊನೇದು ಕಾಣದಂಗೆ. ಝೂಮ್ ಮಾಡಿ ನೋಡಿ "ಅಂಕಲ್, ಲೆನ್ಸ್ ಒರೆಸ್ಕೊಂಡಿರ್ಲಿಲ್ವಾ?" ಅಂದ.

ಮನೆಗೆ ಬಂದು ಒರೆಸಿ ನೋಡ್ದೆ. ಕ್ಲೀನಾಗೇ ಇತ್ತು.